ನಾಲ್ಕು ಗಂಟೆಗೆ ಕರೆದವನು

ನಾನು ಚಿಕ್ಕವಳಿದ್ದಾಗ ಹೊನ್ನಾಳಿಯ ನಮ್ಮ ನಡುಮನೆಯಲ್ಲಿ ಒಗ್ಗರಣೆ ವಾಸನೆಗಿಂತ ಸುಟ್ಟ ರಾಳದ ವಾಸನೆಯೇ ಹೆಚ್ಚಾಗಿರುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ಆದರೆ ಕೂತು ಕೇಳಿ ಮಕ್ಕಳೇ. ನಡುವೆ ಎದ್ದು ಓಡಿದರೆ ಮತ್ತೆ ಹೇಳುವುದಿಲ್ಲ, ನನ್ನ ಸಿಟ್ಟು ನಿಮಗೆ ಗೊತ್ತೇ ಇದೆ.

ಅಪ್ಪ ಅಂಚೆ ಕಚೇರಿಯಲ್ಲಿ ತಂತಿ ಕಳಿಸುವ ಕೆಲಸದಲ್ಲಿದ್ದರು. ತಂತಿ ಎಂದರೆ ಟೆಲಿಗ್ರಾಮ್. ಒಂದು ಸಣ್ಣ ಕೀಲಿಯನ್ನು ಬೆರಳಲ್ಲಿ ಟಕ್ ಟಕಾ ಟಕ್ ಎಂದು ಒತ್ತಿದರೆ ದೂರದ ಊರಿನಲ್ಲಿ ಆ ಸದ್ದು ಅಕ್ಷರವಾಗುತ್ತಿತ್ತು. ದಿನವಿಡೀ ಅದನ್ನೇ ಕುಟ್ಟಿ ಸಾಕಾಗದೆ ಅಪ್ಪ ಮನೆಯಲ್ಲೂ ಅದನ್ನೇ ಹಚ್ಚಿಕೊಂಡಿದ್ದರು. ಸರ್ಕಾರದ ಪರವಾನಗಿ ಪಡೆದು ಹವ್ಯಾಸಿ ರೇಡಿಯೋ ಇಟ್ಟಿದ್ದರು. ಕಂಬ ಬೇಡ, ತಂತಿ ಬೇಡ. ಗಾಳಿಯಲ್ಲೇ ಕರೆದರೆ, ಅಂಥದೇ ರೇಡಿಯೋ ಇಟ್ಟುಕೊಂಡ ಯಾರೋ ಎಲ್ಲಿಂದಲೋ ಓಗೊಡುತ್ತಿದ್ದರು.

ಆ ರೇಡಿಯೋಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಪಾರ್ಸೆಲ್ಲಿನಲ್ಲಿ ಕಿಟ್ ಬರುತ್ತಿತ್ತು: ಬಣ್ಣದ ಗೆರೆಗಳ ರೆಸಿಸ್ಟರುಗಳು, ಮೂರು ಕಾಲಿನ ಟ್ರಾನ್ಸಿಸ್ಟರುಗಳು, ಸುರುಳಿ ಸುತ್ತಲು ತಾಮ್ರದ ತಂತಿ. ಜೋಡಿಸುವುದು ನಮ್ಮ ಕೆಲಸ. ಅಪ್ಪನ ಬೆರಳುಗಳು ಕೀಲಿಯ ಮೇಲೆ ಕುಣಿಯುತ್ತಿದ್ದವೇ ಹೊರತು ಬೆಸುಗೆಗೆ ಬಗ್ಗುತ್ತಿರಲಿಲ್ಲ. ಮೊದಲ ದಿನವೇ ಟ್ರಾನ್ಸಿಸ್ಟರ್ ಸುಟ್ಟು, ಹೆಬ್ಬೆರಳನ್ನೂ ಸುಟ್ಟುಕೊಂಡರು. ಹಾಗಾಗಿ ದನಿ ಕೇಳಿಸುವ ಸೆಟ್ಟನ್ನು ಅಕ್ಕ ಮತ್ತು ನಾನೇ ರಜೆಯಲ್ಲಿ ಕಟ್ಟಿದ್ದೆವು. ಅದಕ್ಕೆ ಪೆಟ್ಟಿಗೆ ಇನ್ನೂ ಮಾಡಿಸಿರಲಿಲ್ಲ. ಹಲಗೆಯ ಮೇಲೆ ಒಳಗಿನದೆಲ್ಲ ಬಯಲಾಗಿಯೇ ಕೂತಿತ್ತು. ಕಳಿಸುವ ಸೆಟ್ಟು ಮಾತ್ರ ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಭದ್ರವಾಗಿತ್ತು.

ಆ ವರ್ಷ ನವರಾತ್ರಿ ಹೊತ್ತಿಗೆ ಪೂರ್ವದ ಕಡಲತೀರಕ್ಕೆ ಭಾರಿ ಚಂಡಮಾರುತ ಬಡಿಯಿತು. ನಮ್ಮಣ್ಣ ಆಂಧ್ರದ ಆ ಕರಾವಳಿಯ ಒಂದು ಊರಿನಲ್ಲಿ ಫಿಟ್ಟರ್ ಕೆಲಸ ಕಲಿಯುತ್ತಿದ್ದ. ಆಕಾಶವಾಣಿಯಲ್ಲಿ ಆ ಊರಿನ ಹೆಸರು ಬಂದದ್ದೇ ತಡ, ಅಮ್ಮ ನೆಲಕ್ಕೆ ಕುಸಿದಳು. ಆ ಕಡೆ ಕಂಬಗಳೆಲ್ಲ ಉರುಳಿದ್ದವು. ಟ್ರಂಕ್ ಕಾಲ್ ಇಲ್ಲ, ತಂತಿ ಇಲ್ಲ. ಊರಿಗೆಲ್ಲ ತಂತಿ ಮುಟ್ಟಿಸುವ ಅಪ್ಪನಿಗೆ ತನ್ನ ಮಗನಿಗೆ ಒಂದು ತಂತಿ ಕಳಿಸಲಾಗಲಿಲ್ಲ.

ಆಯುಧ ಪೂಜೆಯ ದಿನ ಬೆಳಗಿನ ಜಾವ ಅಪ್ಪನ ರೇಡಿಯೋಗೆ ಆ ತೀರದ ಒಬ್ಬ ಹವ್ಯಾಸಿ ಸಿಕ್ಕಿದ. ಅಪ್ಪ ಅಣ್ಣನ ಹೆಸರು, ಅವನಿದ್ದ ಬೀದಿ ಎಲ್ಲ ಕುಟ್ಟಿದರು. ಅವನು ಉತ್ತರ ಕೊಟ್ಟ: 'ಸೈಕಲ್ ಹಾಕಿಕೊಂಡು ಹೋಗಿ ನೋಡುತ್ತೇನೆ. ಸಂಜೆ ನಾಲ್ಕಕ್ಕೆ ಕರೆಯುತ್ತೇನೆ. ನನ್ನ ಬ್ಯಾಟರಿ ಮುಗಿಯುತ್ತ ಬಂದಿದೆ, ತಪ್ಪಿಸಬೇಡಿ.' ಅಷ್ಟೇ. ನಾಲ್ಕು ಗಂಟೆಗೆ ಅಣ್ಣ ಬದುಕಿದ್ದಾನೋ ಇಲ್ಲವೋ ಗೊತ್ತಾಗುತ್ತಿತ್ತು.

ಹಬ್ಬ ನಿಲ್ಲುತ್ತದೆಯೇ? ಅಜ್ಜಿ ನಿಲ್ಲಿಸಲಿಲ್ಲ. ಮಡಿಯುಟ್ಟು ಮನೆಯ ಸಾಮಾನಿಗೆಲ್ಲ ಪೂಜೆ ಮಾಡಿದಳು. ಸೈಕಲ್ಲು, ಹೊಲಿಗೆ ಯಂತ್ರ, ಈಳಿಗೆ ಮಣೆ, ಒನಕೆ, ಯಾವುದನ್ನೂ ಬಿಡಲಿಲ್ಲ. ನಮ್ಮ ಸ್ಕ್ರೂಡ್ರೈವರು, ಇಕ್ಕಳ, ಸಾಲ್ಡರಿಂಗ್ ಐರನ್ ದೇವರ ಮನೆ ಸೇರಿ, ಚೆಂಡು ಹೂವಿನ ಅಡಿಯಲ್ಲಿ ಕಾಣದಂತಾದವು. ನಾವೆಲ್ಲ ಅಡಿಗೆ ಮನೆಯಲ್ಲಿದ್ದಾಗ ನಡುಮನೆಯಲ್ಲಿ ರೇಡಿಯೋಗಳಿಗೂ ಪೂಜೆ ಆಯಿತು. ಪೂಜೆ ಆದ ಮೇಲೆ ಮಾರನೆಯ ದಿನದವರೆಗೆ ಆಯುಧ ಮುಟ್ಟಬಾರದು. ಆದರೆ ಮೊಮ್ಮಗನ ಸುದ್ದಿ ಬರಬೇಕಲ್ಲ, ಅದಕ್ಕೆ ರೇಡಿಯೋವನ್ನು ತಿರುಗಿಸಿ ಕೇಳಲು ಮಾತ್ರ ಅಜ್ಜಿ ಒಪ್ಪಿದ್ದಳು.

ಊಟ ಯಾರಿಗೂ ಸೇರಲಿಲ್ಲ. ಹೋಳಿಗೆಗೆ ತುಪ್ಪ ಬಡಿಸಿದ ಅಮ್ಮನಿಗೆ ಅದು ಎಲೆಯಿಂದಾಚೆ ಹರಿಯುತ್ತಿರುವುದು ಕಾಣಿಸಲಿಲ್ಲ. ಮೂರೂವರೆಗೆ ಅಪ್ಪ ಸೆಟ್ಟಿನ ಸ್ವಿಚ್ ಒತ್ತಿದರು.

ಸೆಟ್ಟು ಮೂಕವಾಗಿತ್ತು. ಬೆಳಿಗ್ಗೆ ಮಳೆ ಸುರಿದಂತೆ ಸೊಯ್ ಎನ್ನುತ್ತಿದ್ದದ್ದು ಈಗ ಉಸಿರೂ ಬಿಡಲಿಲ್ಲ. ಅಪ್ಪ ದನಿ ಹುಡುಕುವ ಗುಂಡಿಯನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿದರು. ಅವರ ಹಣೆಯಲ್ಲಿ ಬೆವರು ಮೂಡಿತು. ಅಕ್ಕ ಬ್ಯಾಟರಿಗೆ ಸಣ್ಣ ಬಲ್ಬು ತಾಗಿಸಿದಳು, ಝಗ್ ಎಂದು ಉರಿಯಿತು. ನಾನು ಮಾಳಿಗೆ ಹತ್ತಿ ತೆಂಗಿನ ಮರದವರೆಗೆ ಎಳೆದಿದ್ದ ಏರಿಯಲ್ ತಂತಿಯನ್ನು ಉದ್ದಕ್ಕೂ ನೋಡಿ ಬಂದೆ. ಎಲ್ಲೂ ಕಡಿದಿರಲಿಲ್ಲ.

"ಬಿಚ್ಚಿ ನೋಡ್ಬೇಕಪ್ಪ. ಐರನ್ ಬೇಕು, ಇಕ್ಕಳ ಬೇಕು," ಎಂದಳು ಅಕ್ಕ.

ಅಜ್ಜಿ ದೇವರ ಮನೆಯ ಬಾಗಿಲಿಗೆ ಅಡ್ಡ ನಿಂತಳು. "ಪೂಜಿ ಆದ ಸಾಮಾನು ಅವು. ಇವತ್ತು ಎತ್ತಂಗಿಲ್ಲ. ಎತ್ತಿ ಆ ಹುಡುಗ್ನಿಗೆ ಏನಾರ ಆದ್ರೆ ಯಾರು ಹೊಣೆ?"

"ಅವ್ವಾ, ಹುಡುಗ ಹೆಂಗದಾನೆ ಅಂತ ತಿಳಿಯಾಕೇ ಕೇಳಾಕತ್ತಿದೀವಿ," ಎಂದರು ಅಪ್ಪ. ಆದರೆ ಅವರ ದನಿಯಲ್ಲೂ ಬಲವಿರಲಿಲ್ಲ. ಅವರೂ ಹೆದರಿದ್ದರು. ನನಗಂತೂ ಅಜ್ಜಿಯನ್ನು ಪಕ್ಕಕ್ಕೆ ನೂಕಿ ಒಳಗೆ ನುಗ್ಗುವಷ್ಟು ಕೋಪ ಬಂದಿತ್ತು, ಅಷ್ಟೇ ಅಳುವೂ ಬಂದಿತ್ತು.

ಗೋಡೆ ಗಡಿಯಾರ ನಾಲ್ಕು ಹೊಡೆಯಿತು. ಅಪ್ಪ ಕಳಿಸುವ ಸೆಟ್ಟಿನ ಕೀಲಿಯ ಮುಂದೆ ಕೂತು ಕುಟ್ಟತೊಡಗಿದರು. ನನಗೂ ಆ ಭಾಷೆ ಗೊತ್ತಿತ್ತು. 'ನಮ್ಮ ಸೆಟ್ಟು ಕೆಟ್ಟಿದೆ. ನಿಮ್ಮ ದನಿ ಕೇಳುತ್ತಿಲ್ಲ. ದಯವಿಟ್ಟು ಹೋಗಬೇಡಿ. ಕಾಯಿರಿ.' ಮತ್ತೆ ಅದೇ, ಮತ್ತೆ ಅದೇ. ಆ ಕಡೆ ಯಾರಾದರೂ ಇದ್ದಾರೋ ಇಲ್ಲವೋ ಗೊತ್ತಾಗದೆ, ಕಗ್ಗತ್ತಲ ಬಾವಿಯೊಳಗೆ ಬಗ್ಗಿ ಕೂಗಿದಂತೆ ಅಪ್ಪ ಕೂಗುತ್ತಿದ್ದರು. ಅವರ ಕಣ್ಣಲ್ಲಿ ನೀರು ತುಂಬಿತ್ತು. ನಾನು ಅಪ್ಪನ ಕಣ್ಣೀರು ನೋಡಿದ್ದು ಅದೇ ಮೊದಲು.

"ಅದೇನು ಹೇಳಾಕತ್ತಾನೆ?" ಎಂದು ಅಜ್ಜಿ ಮೆಲ್ಲಗೆ ಕೇಳಿದಳು.

"ಹೋಗಬ್ಯಾಡ, ಕಾಯಿ ಅನ್ನಾಕತ್ತಾರೆ," ಎಂದೆ.

ಅಜ್ಜಿ ಮಗನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ, ಹೂವು ಸಮೇತ ಐರನ್ನು, ಇಕ್ಕಳ, ಸ್ಕ್ರೂಡ್ರೈವರನ್ನು ಮಡಿಲಲ್ಲಿ ತುಂಬಿಕೊಂಡು ಬಂದು ಅಕ್ಕನ ಮುಂದೆ ಸುರಿದಳು. "ತಗಳ್ರಿ. ಶಿವ ನಮ್ಮನೆಗೇನು ಹೊಸಬನಲ್ಲ, ತಿಳ್ಕಂತಾನೆ."

ಕೆಟ್ಟ ರೇಡಿಯೋ ಎಂದರೆ ಹಟಮಾರಿ ಕೂಸಿದ್ದಂತೆ. ಎಲ್ಲಿ ನೋವು ಎಂದು ಅದು ಹೇಳುವುದಿಲ್ಲ, ಹಿಂದಿನಿಂದ ಮುಂದಕ್ಕೆ ಮುಟ್ಟಿ ಮುಟ್ಟಿ ನಾವೇ ಕಂಡುಹಿಡಿಯಬೇಕು. ಅಕ್ಕ ಮೊದಲು ಸದ್ದು ಏರಿಸುವ ಗುಂಡಿಯ ತಂತಿಗೆ ಸ್ಕ್ರೂಡ್ರೈವರ್ ತಾಗಿಸಿದಳು. ಸ್ಪೀಕರ್ ಗುರ್ ಎಂದಿತು. ಅಂದರೆ ಸದ್ದು ದೊಡ್ಡದು ಮಾಡುವ ಭಾಗ ಸರಿಯಾಗಿತ್ತು. ಸೆಟ್ಟಿನ ಇನ್ನೊಂದು ಭಾಗ ಯಾವಾಗಲೂ ತನ್ನಷ್ಟಕ್ಕೆ ತಾನು ಸಣ್ಣಗೆ ಹಾಡಿಕೊಳ್ಳುತ್ತಿರಬೇಕು, ಆಗಲೇ ಹೊರಗಿನ ದನಿ ಸಿಗುವುದು. ಆ ಹಾಡು ನಮ್ಮ ಕಿವಿಗೆ ಕೇಳುವುದಿಲ್ಲ, ಆದರೆ ಪಕ್ಕದಲ್ಲಿ ಮನೆಯ ಸಾದಾ ರೇಡಿಯೋ ಇಟ್ಟರೆ ಅದರಲ್ಲಿ ಸೀಟಿಯಂತೆ ಬರುತ್ತದೆ. ನಾನು ಓಡಿಹೋಗಿ ಅಡಿಗೆ ಮನೆಯ ರೇಡಿಯೋ ತಂದು ಪಕ್ಕದಲ್ಲಿಟ್ಟು ಮುಳ್ಳು ತಿರುಗಿಸಿದೆ. ಸೀಟಿ ಬರಲಿಲ್ಲ.

"ಹಾಡೋದೇ ನಿಂತೈತೆ!" ಎಂದಳು ಅಕ್ಕ. "ಟ್ರಾನ್ಸಿಸ್ಟರ್ ಹೋಗಿರ್ಬೇಕು."

ನಮ್ಮಲ್ಲಿ ಅಂಥದು ಇನ್ನೊಂದೇ ಇತ್ತು. ಅಕ್ಕ ಹಳೆಯದನ್ನು ಬಿಡಿಸಿದಳು, ನಾನು ಹೊಸದರ ಕಾಲುಗಳನ್ನು ಇಕ್ಕಳದಲ್ಲಿ ಹಿಡಿದು ಬೆಸೆದೆ. ಬೆಸುಗೆಗೆ ಹಚ್ಚುವ ರಾಳದ ಹೊಗೆ ಕಣ್ಣಿಗೆ ಹೊಕ್ಕಿತು. ಹಿಂದೆ ಅಪ್ಪನ ಕೀಲಿ ಟಕ್ ಟಕ್ ಎಂದು ಬೇಡಿಕೊಳ್ಳುತ್ತಲೇ ಇತ್ತು. ಸ್ವಿಚ್ ಹಾಕಿದೆವು. ಮತ್ತೆ ಅದೇ ಮೌನ. ಅಕ್ಕ ತಲೆಯ ಮೇಲೆ ಕೈ ಹೊತ್ತು ಕೂತಳು. ಗಡಿಯಾರದ ಕಡೆ ಯಾರೂ ನೋಡಲಿಲ್ಲ.

ಏನೂ ತೋಚದೆ ನಾನು ದನಿ ಹುಡುಕುವ ಗುಂಡಿಯನ್ನು ಸುಮ್ಮನೆ ತಿರುಗಿಸಿದೆ. ಬೆರಳಿಗೆ ಏನೋ ಕರಕರ ಎಂದಿತು. ಬೆಳಿಗ್ಗೆ ಬೆಣ್ಣೆಯಂತೆ ತಿರುಗುತ್ತಿದ್ದ ಗುಂಡಿ ಈಗ ಹಲ್ಲಿಗೆ ಮರಳು ಸಿಕ್ಕಂತೆ ಕರಕರ ಎನ್ನುತ್ತಿತ್ತು.

ಆ ಗುಂಡಿಯ ಹಿಂದೆ ಗ್ಯಾಂಗ್ ಎಂಬ ಸಾಮಾನು ಇರುತ್ತದೆ. ತೆಳ್ಳನೆಯ ಅಲ್ಯೂಮಿನಿಯಂ ಬಿಲ್ಲೆಗಳ ಎರಡು ಸಾಲು. ಗುಂಡಿ ತಿರುಗಿದರೆ ಒಂದು ಸಾಲು ಇನ್ನೊಂದರ ಸಂದಿಯಲ್ಲಿ ತೂರಿಕೊಳ್ಳುತ್ತದೆ, ಆದರೆ ಬಿಲ್ಲೆಗೆ ಬಿಲ್ಲೆ ತಾಗಬಾರದು, ನಡುವೆ ಗಾಳಿ ಮಾತ್ರ ಇರಬೇಕು, ಇಲ್ಲದಿದ್ದರೆ ಸೆಟ್ಟಿನ ಆ ಹಾಡು ನಿಂತುಬಿಡುತ್ತದೆ. ನಾನು ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಬೆಳ್ಳಗಿನ ಬಿಲ್ಲೆಗಳ ನಡುವೆ ಬೆಳ್ಳಗಿನದೇ ಏನೋ ಮೆತ್ತಿಕೊಂಡಿತ್ತು. ಮೂಸಿದೆ. ವಿಭೂತಿ!

"ಅಜ್ಜಿ, ಇದಕ್ಕೂ ವಿಭೂತಿ ಹಚ್ಚಿದ್ಯಾ?"

"ಹಚ್ದೆ ಬಿಡ್ತೀನಾ? ನೀರಾಗೆ ಕಲಿಸಿ ದಪ್ಪಗೆ ಮೂರು ಪಟ್ಟಿ ಎಳ್ದೀನಿ. ಮಾತು ಬರೋವಾಗೆಲ್ಲ ತಿರುಗೋದು ಅದೇ ಅಲ್ಲನು? ಹುಡುಗ್ನ ಸುದ್ದಿ ತರೋದು ಅದೇ ಅಂತ..." ಅಜ್ಜಿಯ ಮಾತು ಅಲ್ಲೇ ನಿಂತಿತು. ನಮ್ಮ ಮುಖ ನೋಡಿ ಅವಳಿಗೆ ಎಲ್ಲ ಅರ್ಥವಾಗಿಹೋಯಿತು. "ಅಯ್ಯೋ ನನ್ನ ಶಿವನೇ, ನಾನಾ?" ಎಂದು ಎರಡೂ ಕೈ ಬಾಯಿಗೆ ಒತ್ತಿಕೊಂಡಳು.

ಯಾರೂ ಬೈಯಲಿಲ್ಲ. ಬೈಯಲು ಹೊತ್ತೂ ಇರಲಿಲ್ಲ. ಅಪ್ಪ ಕೀಲಿ ಬಿಡದೆ, "ಒರಸ್ರಿ, ಬೇಗ ಒರಸ್ರಿ," ಎಂದರು. ಆದರೆ ಬಟ್ಟೆ ಆ ಸಂದಿಯೊಳಗೆ ಹೋಗುತ್ತಿರಲಿಲ್ಲ. ಜೋರಾಗಿ ತುರುಕಿದರೆ ಬಿಲ್ಲೆ ಬಾಗಿ ಗ್ಯಾಂಗೇ ಹಾಳು. ಅಕ್ಕ ಕಡ್ಡಿ ಹಾಕಿದಳು, ಕಡ್ಡಿಯೂ ದಪ್ಪವಾಯಿತು.

"ಸರೀರಿ ಅತ್ಲಾಗೆ," ಎಂದಳು ಅಜ್ಜಿ. ಪೂಜೆಯ ಹತ್ತಿಯಿಂದ ಒಂದೆಳೆ ಎಳೆದು, ತೆಂಗಿನಗರಿಯ ಕಡ್ಡಿಯನ್ನು ಸೀಳಿ ಅದರ ತುದಿಗೆ ಹೂಬತ್ತಿ ಹೊಸೆದಂತೆ ಹೊಸೆದಳು. ಕೂದಲೆಳೆಯಷ್ಟು ಸಣ್ಣ ಬತ್ತಿ. ಪಕ್ಕದ ಮನೆಯವರ ಮೋಟಾರ್ ಸೈಕಲ್ಲು ಹೂಮಾಲೆ ಹಾಕಿಕೊಂಡು ನಿಂತಿತ್ತು. ಅಕ್ಕ ಅವರನ್ನು ಕೇಳಿ ಅದರಿಂದ ಒಂದು ಬಟ್ಟಲು ಪೆಟ್ರೋಲ್ ತಂದಳು. ಬಿಸಿ ಐರನ್ನನ್ನು ನಾನು ಮೊದಲೇ ಹಿತ್ತಲಿಗೆ ಒಯ್ದಿಟ್ಟೆ. ಅಜ್ಜಿ ಬತ್ತಿಯನ್ನು ಅದ್ದಿ, ಒಂದೊಂದೇ ಸಂದಿಯೊಳಗೆ ತೂರಿಸಿ, ಮೆಲ್ಲಗೆ ಎಳೆದಳು. ಕೊಳೆಯಾದ ಬತ್ತಿ ಬಿಸಾಕಿ ಹೊಸದು ಹೊಸೆದಳು. ಅವಳ ತುಟಿ ಶಿವ ಶಿವ ಎನ್ನುತ್ತಿತ್ತು, ಕೈ ಮಾತ್ರ ಅಲುಗಲಿಲ್ಲ.

ಪೆಟ್ರೋಲ್ ಆರಲೆಂದು ನಾನು ಬೀಸಣಿಗೆಯಿಂದ ಬೀಸಿದೆ. ವಾಸನೆ ಹೋದ ಮೇಲೆ ಅಕ್ಕ ಸ್ವಿಚ್ ಹಾಕಿದಳು.

ಸೊಯ್ ಎಂದು ಸೆಟ್ಟು ಉಸಿರಾಡಿತು! ಅಪ್ಪ ಕೀಲಿ ಬಿಟ್ಟು ಗುಂಡಿ ಹಿಡಿದರು. ಅಲ್ಲೇ, ತುಂಬ ಕ್ಷೀಣವಾಗಿ, ಯಾರೋ ನಮ್ಮನ್ನು ಕರೆಯುತ್ತಿದ್ದರು. ಅವನು ಹೋಗಿರಲಿಲ್ಲ. ಬೇಡಿದ್ದು ಕೇಳಿಸಿಕೊಂಡು ಕಾದಿದ್ದ.

'ಕೇಳಿಸುತ್ತಿದೆ, ಹೇಳಿ' ಎಂದು ಅಪ್ಪ ಕುಟ್ಟಿದರು. ಉತ್ತರ ಇಂಗ್ಲಿಷಿನ ಒಂದೊಂದೇ ಅಕ್ಷರವಾಗಿ ಬಂತು. ಮೊದಲ ಮಾತು, 'ಹುಡುಗ ಸಿಕ್ಕಿದ.' ಸಿಕ್ಕಿದ ಎಂದರೆ ಹೇಗೆ ಸಿಕ್ಕಿದ? ಅಕ್ಕ ನನ್ನ ರಟ್ಟೆಯನ್ನು ಉಗುರು ಇಳಿಯುವಂತೆ ಹಿಡಿದುಕೊಂಡಳು. ಆ ಅಕ್ಷರಗಳ ನಡುವಿನ ಹೊತ್ತು ಎಷ್ಟು ಉದ್ದವಿತ್ತೋ ಮಕ್ಕಳೇ, ನಾನು ಹೇಳಲಾರೆ. ಆಮೇಲೆ ಬಂತು: 'ಜೀವಂತ. ಶಾಲೆಯಲ್ಲಿದ್ದಾನೆ. ಕಾಲಿಗೆ ಪೆಟ್ಟು. ನಗುತ್ತಿದ್ದ.'

"ಅವ್ವಾ, ಅದಾನೆ! ಆರಾಮ್ ಅದಾನೆ!" ಎಂದು ಅಪ್ಪ ಚಿಕ್ಕ ಮಗುವಿನಂತೆ ಕೂಗಿದರು. ಅಮ್ಮ ಅಡಿಗೆ ಮನೆಯ ಬಾಗಿಲಲ್ಲಿ ನಿಂತು ಅಳುತ್ತ ನಕ್ಕಳು. ನಾನೂ ಅಕ್ಕನೂ ತಬ್ಬಿಕೊಂಡು ಕುಣಿದೆವು. ಅಜ್ಜಿ ಮಾತ್ರ ಸೆಟ್ಟಿನ ಮುಂದಿನಿಂದ ಏಳಲಿಲ್ಲ.

"ಅವ್ನ ಮನ್ಯಾಗೆ ಎಲ್ಲಾರೂ ಹೆಂಗದಾರಂತೆ? ಕೇಳಿದ್ಯೇನೋ?" ಎಂದಳು.

ಅಪ್ಪನ ಮುಖ ಸಪ್ಪಗಾಯಿತು. ಬೆಳಿಗ್ಗೆಯೂ ಕೇಳಿರಲಿಲ್ಲ, ಈಗಲೂ ಕೇಳಿರಲಿಲ್ಲ. ಗಡಬಡಿಸಿ ಕೀಲಿ ಒತ್ತಿದರು: 'ನಿಮ್ಮ ಮನೆಯವರು ಹೇಗಿದ್ದಾರೆ?' ಉತ್ತರ ಶುರುವಾಯಿತು. 'ಸೂರು ಹಾರಿಹೋಯಿತು. ಮಕ್ಕಳು...' ಅಷ್ಟರಲ್ಲಿ ದನಿ ಸಣ್ಣಗಾಗುತ್ತ ಆಗುತ್ತ ಇಲ್ಲವಾಯಿತು. ಅವನ ಬ್ಯಾಟರಿ ಮುಗಿದಿತ್ತು. ಉಳಿದಿದ್ದನ್ನೆಲ್ಲ ಅವನು ನಮ್ಮನ್ನು ಕರೆಯುವುದಕ್ಕೇ ಖರ್ಚು ಮಾಡಿದ್ದ.

ಆ ಸಂಜೆ ಅಜ್ಜಿ ಹೋಳಿಗೆ ಮುಟ್ಟಲಿಲ್ಲ. "ಅವ್ನ ಮಕ್ಳು ಏನಾದ್ವೋ ಏನೋ, ನನಗೆಂಗೆ ಇಳಿತೈತೆ?" ಎಂದಳು. ಮಾರನೆಯ ದಿನ ಬನ್ನಿ ಕೊಡಲು ಬಂದವರಿಗೆಲ್ಲ ಅದನ್ನೇ ಹೇಳಿದಳು. ಅಪ್ಪ ದಿನಾ ಬೆಳಿಗ್ಗೆ ಕರೆಯುತ್ತಿದ್ದರು, ಅಜ್ಜಿ ಪಕ್ಕದಲ್ಲಿ ಕೂರುತ್ತಿದ್ದಳು. ಕಡೆಗೊಂದು ಬೆಳಿಗ್ಗೆ ಅವನು ಬಂದ. ಯಾರದೋ ಟ್ರ್ಯಾಕ್ಟರಿನ ಬ್ಯಾಟರಿ ಸಿಕ್ಕಿತ್ತಂತೆ. ಮಕ್ಕಳು ಕ್ಷೇಮವಾಗಿದ್ದರು. ಅಪ್ಪ ಅವನ ಹೆಸರು ಹೇಳಿಕೊಟ್ಟರೂ ಅದು ಅಜ್ಜಿಯ ನಾಲಿಗೆಗೆ ಹತ್ತಲಿಲ್ಲ. 'ಆ ಕಡೆಯವನು' ಎಂದೇ ಕರೆದಳು, ಸಾಯುವವರೆಗೂ ಪ್ರತಿ ಹಬ್ಬದಲ್ಲಿ ಮೊಮ್ಮಕ್ಕಳ ಜೊತೆ ಅವನಿಗೂ ಒಳ್ಳೆಯದಾಗಲಿ ಎಂದು ಬೇಡಿಕೊಂಡಳು.

ಈಗ ನಿಮ್ಮ ಕಾಲ. ನಿಮ್ಮ ಫೋನಿನೊಳಗೆ ಏನಿದೆ ಎಂದು ನೀವು ಯಾರೂ ನೋಡಿಲ್ಲ, ನೋಡುವ ಅಗತ್ಯವೂ ಇಲ್ಲ. ಕೆಟ್ಟರೆ ಹೊಸದು ಬರುತ್ತದೆ. ನಿಮ್ಮಣ್ಣ ಎಲ್ಲಿದ್ದಾನೆ ಎಂದರೆ ಅವನ ಮುಖವೇ ಬಂದು ನಗುತ್ತದೆ. ಒಳ್ಳೆಯದೇ, ನಮ್ಮ ಆ ಸಂಜೆ ನಿಮಗೆ ಬರುವುದು ಬೇಡ. ಗೊತ್ತಿಲ್ಲದ ನಂಬರ್ ಬಂದರೆ ಎತ್ತಬೇಡ ಅಜ್ಜಿ, ಮೋಸ ಮಾಡುತ್ತಾರೆ ಎಂದು ನೀವು ನನಗೆ ದಿನಾ ಬುದ್ಧಿ ಹೇಳುತ್ತೀರಿ. ನೀವು ಹೇಳುವುದು ಸರಿಯೇ ಇರಬಹುದು. ಆದರೂ ನೀವು ಶಾಲೆಗೆ ಹೋದ ಮೇಲೆ ಫೋನ್ ಬಡಿದುಕೊಂಡರೆ ನನ್ನಿಂದ ಸುಮ್ಮನಿರಲು ಆಗುವುದಿಲ್ಲ. ಎತ್ತುತ್ತೇನೆ. ಎತ್ತಿದ ಕೂಡಲೇ, "ಯಾರಪ್ಪಾ? ಮನ್ಯಾಗೆ ಎಲ್ಲಾರೂ ಆರಾಮ್ ಅದೀರಾ?" ಎಂದು ಕೇಳುತ್ತೇನೆ.