ಕನಕಮ್ಮನ ಪದಕ್ಕೆ ಕಟ್ಟಿದ ಬಾರುಕೋಲು

ಕನಕಮ್ಮನನ್ನು ನಾಟಿ ಗ್ಯಾಂಗಿನಿಂದ ಹೊರಗೆ ಹಾಕಿದ್ದು ಅವಳ ವಯಸ್ಸಲ್ಲ, ಸೊಂಟನೋವೂ ಅಲ್ಲ. ಅವಳದೇ ದನಿ. ಇಷ್ಟು ತಿಳಿಯಲು ಮಲ್ಲೇಶ್ವರಿಗೆ ಹದಿನಾಲ್ಕು ದಿನ ಹಿಡಿಯಿತು. ಆ ದನಿಯನ್ನು ಮೊಬೈಲಿಗೆ ತುಂಬಿದವಳು ತಾನೇ ಆದ್ದರಿಂದ, ತಿಳಿದ ಮೇಲೆ ಸುಮ್ಮನೆ ಕೂರುವ ದಾರಿ ಅವಳಿಗೆ ಉಳಿದಿರಲಿಲ್ಲ.

ಇಟಗಿ ಸೀಮೆಯ ಎರೆನೆಲದ ಊರೊಂದರಿಂದ ವರ್ಷವರ್ಷವೂ ಹದಿನಾರು ಹೆಂಗಸರು ಟಂಟಂ ಹತ್ತಿ ಗಂಗಾವತಿ ಕಡೆ ಬರುತ್ತಾರೆ. ಕಾಲುವೆಗೆ ನೀರು ಬಿಟ್ಟರೆಂದರೆ ಸಿದ್ದಾಪುರ, ಮರಳಿ ಊರುಗಳ ಗದ್ದೆಗಳೆಲ್ಲ ಒಮ್ಮೆಲೇ ಕೈ ಕೇಳುತ್ತವೆ. ನಾಟಿಗೆ ಯಂತ್ರ ಬಂದಿದೆ ಎಂದು ಪೇಪರಿನಲ್ಲಿ ಫೋಟೋ ಹಾಕುತ್ತಾರೆ. ಹಾಕಲಿ. ಮೊಣಕಾಲುದ್ದ ಕೆಸರಿಗೆ ಇಳಿಯುವುದು ಇವತ್ತಿಗೂ ಇವರ ಕಾಲೇ. ಮೇಸ್ತ್ರಿ ದುರಗಪ್ಪ ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುತ್ತಾನೆ, ಹೆಂಗಸರಿಗೆ ಕೊಡುವುದು ದಿನಗೂಲಿ. ಗದ್ದೆ ಬೇಗ ಮುಗಿದರೆ ಲಾಭ ಯಾರ ಕಿಸೆಗೆ ಎಂದು ತಿಳಿಯಲು ಕಾಲೇಜು ಕಟ್ಟೆ ಹತ್ತಬೇಕಿಲ್ಲ.

ಕೈ ಚುರುಕಾಗಲಿ ಎಂದು ದುರಗಪ್ಪ ಬದುವಿನ ಮೇಲೆ ಸ್ಪೀಕರ್ ಇಟ್ಟು ದಿನವಿಡೀ ಡಿಜೆ ಹಾಡು ಹಾಕುತ್ತಿದ್ದ. ಎದೆ ಅದುರಿಸುವ ಆ ಡಬಡಬ ಕೇಳಿ ಕೇಳಿ ಹೆಂಗಸರಿಗೆ ರೊಟ್ಟಿ ತಿನ್ನುವಾಗಲೂ ತಲೆಯೊಳಗೆ ಅದೇ ಬಡಿತ. ಮಲ್ಲೇಶ್ವರಿ ಈ ಸಲ ಹಟಕ್ಕೆ ಬಿದ್ದಳು. ಅದನ್ನು ಬಂದ್ ಮಾಡಿಸಲೇಬೇಕು.

ಅವಳಿಗೆ ಮೂವತ್ತೊಂದು ವರ್ಷ. ಪಿಯುಸಿ ಅರ್ಧಕ್ಕೆ ಬಿಟ್ಟವಳು. ಅಪ್ಪ ಕರಿಬಸಪ್ಪ ಊರಿನ ಭಜನೆಯಲ್ಲಿ ಹಾರ್ಮೋನಿಯಂ ಹಿಡಿಯುತ್ತಿದ್ದ. ಮಗಳಿಗೆ ತಾಳ ಕೈಯಲ್ಲೇ ಇತ್ತು. ಗಂಗಾವತಿಯಲ್ಲಿ ಕೊಂಡ ಹಳೆಯ ಮೊಬೈಲಿಗೆ ಸಂಗೀತ ಮಾಡುವ ಆ್ಯಪ್ ಹಾಕಿಕೊಂಡು, ವಿಡಿಯೋ ನೋಡಿ ನೋಡಿ ಕಲಿತಳು. ಆ್ಯಪಿನೊಳಗೆ ದಿಮ್ಮು, ತಾಳ, ತಂಬೂರಿ ಎಲ್ಲ ಇದ್ದವು. ಆದರೆ ಹೊರಗಿನ ದನಿಯನ್ನು ಅವುಗಳ ಜೊತೆ ಕೂಡಿಸಲು ಆ್ಯಪಿಗೆ ಜೋಡಿಸುವ ಇನ್ನೊಂದು ಸಣ್ಣ ಪ್ಲಗಿನ್ ಬೇಕು; ಅದನ್ನೂ ಹಾಕಿಕೊಂಡಳು. ರೆಕಾರ್ಡ್ ಮಾಡಿದ ಹಾಡನ್ನು ಅದರಲ್ಲಿ ಇಟ್ಟರೆ, ದೊಡ್ಡ ಆ್ಯಪಿನ ತಾಳ ಎಷ್ಟು ವೇಗವೋ ಅಷ್ಟೇ ವೇಗವಾಗಿ ಹಾಡನ್ನೂ ನುಡಿಸುತ್ತದೆ, ಮುಗಿದ ಕೂಡಲೇ ಮೊದಲಿನಿಂದ ಹಿಡಿಯುತ್ತದೆ. ಅದರ ಹೆಚ್ಚುಗಾರಿಕೆ ಎಂದರೆ, ವೇಗ ಏರಿಸಿದರೂ ದನಿ ಕೀಚಲಾಗುವುದಿಲ್ಲ. ಹಾಡಿದವರ ದನಿ ಇದ್ದ ಹಾಗೆಯೇ ಇರುತ್ತದೆ.

ಗ್ಯಾಂಗಿನ ಹಿರಿಯಳು ಕನಕಮ್ಮ. ಅರವತ್ತರ ಮೇಲಾಗಿದೆ. ಎರೆಹೊಲದಲ್ಲಿ ಕಳೆ ತೆಗೆಯುವಾಗ ಹಾಡುವ ಪದಗಳನ್ನು ಕೆಸರುಗದ್ದೆಗೂ ತಂದವಳು. ಒಂದು ಮಧ್ಯಾಹ್ನ ಜಾಲಿಗಿಡದ ನೆರಳಲ್ಲಿ ಮಲ್ಲೇಶ್ವರಿ ಮೊಬೈಲು ಹಿಡಿದಳು, ಕನಕಮ್ಮ ಕಣ್ಣುಮುಚ್ಚಿ ಹಾಡಿದಳು.

ಕೊಕ್ಕರಿ ಸಾಲಾಗಿ ಕೆರಿದಂಡಿಗಿ ಕುಂತಾವ
ಅಕ್ಕಯ್ಯ ನಿನಗೇನು ಅವಸರ | ಈ ನನ್ನ
ಬಗ್ಗಿದ ಬೆನ್ನು ಬಿಲ್ಲಲ್ಲ

ನಡುವೆ ದೂರದಲ್ಲೊಂದು ಎಮ್ಮೆ ಉದ್ದಕ್ಕೆ ಕೂಗಿತು. ಅದೂ ರೆಕಾರ್ಡಾಯಿತು. "ಇರಲಿ ಬಿಡವಾ," ಎಂದಳು ಪಕ್ಕದಲ್ಲಿದ್ದ ಶೇಖರಮ್ಮ. "ಅದೂ ನಮ್ಮ ಗ್ಯಾಂಗಿಂದ. ಕೂಲಿ ಕೇಳಂಗಿಲ್ಲ, ಅಷ್ಟ ಫರಕು."

ಪ್ರತಿ ಪದದ ಕೊನೆಗೆ ಕನಕಮ್ಮ ಮೂರು ಉಸಿರಿನಷ್ಟು ಹೊತ್ತು ಸುಮ್ಮನಾಗುತ್ತಿದ್ದಳು. ಮೊಬೈಲಿನ ತೆರೆಯ ಮೇಲೆ ಆ ಜಾಗ ಬರೀ ಒಂದು ಸಪಾಟು ಗೆರೆ. ಮಲ್ಲೇಶ್ವರಿಗೆ ಅದು ಖಾಲಿ ಎನಿಸಿತು. ಕತ್ತರಿಸಿ ಒಗೆದಳು. ಈಗ ಪದ ಎಲ್ಲೂ ನಿಲ್ಲದೆ ಚಕ್ರದ ಹಾಗೆ ತಿರುಗತೊಡಗಿತು. ತಾಳದ ವೇಗಕ್ಕೆ, ನಿಮಿಷಕ್ಕೆ ಇಷ್ಟು ಬಡಿತ ಎಂದು, ಎಪ್ಪತ್ತೆರಡರ ಅಂಕಿ ಇಟ್ಟಳು. ಕೇಳಿದ ಕನಕಮ್ಮ ಬೊಚ್ಚುಬಾಯಿ ತೆರೆದು ನಕ್ಕಳು.

"ಭಾಳ ಛಲೋ ಆಗೈತಿ ಮಗಳ. ಆದ್ರ ಇದರಾಗ ನಾ ಎಲ್ಲೂ ಉಸುರ ತಗೊಳ್ಳವಲ್ಲೆನಲ್ಲ?"

ಮಲ್ಲೇಶ್ವರಿಯೂ ನಕ್ಕಳು. ಆಗಲೇ ತಲೆ ಕೆಡಿಸಿಕೊಳ್ಳಬೇಕಿತ್ತು.

ಮರುದಿನ ಡಿಜೆ ಬಂದ್ ಮಾಡಿಸಿ ಮೊಬೈಲನ್ನು ಸ್ಪೀಕರಿಗೆ ಜೋಡಿಸಿದಾಗ, ಹದಿನಾರು ಜನರ ಉದ್ದ ಸಾಲಿನ ಎರಡೂ ತುದಿಗೆ ಕನಕಮ್ಮನ ದನಿ ಮೊದಲ ಬಾರಿ ಮುಟ್ಟಿತು. ಹೆಂಗಸರು ಸೊಲ್ಲು ಹಿಡಿದು ಹಾಡುತ್ತ ಸಸಿ ಹಚ್ಚಿದರು. ದುರಗಪ್ಪ ಬೇಡ ಎನ್ನಲಿಲ್ಲ. ಬದಲಿಗೆ ಎಲ್ಲಿಲ್ಲದ ಪ್ರೀತಿ ತೋರಿಸಿದ. "ಕೆಸರಗೈಲೆ ಯಾಕ ಮುಟ್ತಿ ತಂಗಿ? ನಾ ಬದುವಿನ ಮ್ಯಾಲ ಇರ್ತೀನಲ್ಲ. ಎಲ್ಲಿ ಒತ್ತಬೇಕು ತೋರ್ಸು, ನಾನ ಚಾಲೂ ಮಾಡ್ತೀನಿ." ಮಲ್ಲೇಶ್ವರಿ ತೋರಿಸಿದಳು. ಚಾಲೂ ಮಾಡುವುದು ಇಲ್ಲಿ, ನಿಲ್ಲಿಸುವುದು ಇಲ್ಲಿ, ಈ ಅಂಕಿ ವೇಗದ್ದು, ಅದನ್ನು ಮುಟ್ಟಬ್ಯಾಡ್ರಿ ಅಣ್ಣ. ಮುಟ್ಟಬೇಡ ಎಂದು ಹೇಳುವುದೂ, ಎಲ್ಲಿ ಮುಟ್ಟಬೇಕೆಂದು ಕಲಿಸುವುದೂ ಒಂದೇ ಆಗುವ ಜನ ಇರುತ್ತಾರೆ.

ಒಂದು ವಾರ ಕಳೆಯಿತು. ಕನಕಮ್ಮ ಸಾಲಿನಲ್ಲಿ ಒಂದು ಮೊಳ ಹಿಂದೆ ಬಿದ್ದಳು. ಆಮೇಲೆ ಒಂದು ಮಾರು. "ನನ್ನ ಕೈಗೆ ಏನ್ ಬಂತವ್ವ ರೋಗ," ಎಂದು ಸಂಜೆ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿ ಕೂರುತ್ತಿದ್ದಳು. ಉಳಿದವರೂ ಸುಸ್ತಾಗುತ್ತಿದ್ದರು. ಆದರೆ ಕೂಲಿಯವರು ಸುಸ್ತಿಗೆ ಕಾರಣ ಹುಡುಕುವುದು ತಮ್ಮ ಮೈಯೊಳಗೇ. ಯಜಮಾನನ ಕೈಯೊಳಗೆ ಹುಡುಕುವ ರೂಢಿ ಅವರಿಗೆ ಯಾರೂ ಮಾಡಿಸಿಲ್ಲ.

ಹದಿನಾಲ್ಕನೆಯ ದಿನ ಕೆಲಸ ಮುಗಿದ ಮೇಲೆ ದುರಗಪ್ಪ ಎಲ್ಲರೆದುರೇ ಹೇಳಿದ. "ಕನಕವ್ವ, ನಿನ್ನ ಕಡಿಂದ ಆಗವಲ್ದು. ನಾಳೆ ಹತ್ತಕ್ಕ ಟಂಟಂ ಊರಿಗೆ ಹೊಂಟೈತಿ, ಹೋಗಿಬಿಡು. ನಿನ್ನ ಪದ ಹೆಂಗೂ ನಮ್ಮ ಹಂತ್ಯಾಕ ಐತಿ."

ಕನಕಮ್ಮ ಕೆಸರುಗೈ ತೊಳೆದುಕೊಂಡಳು. ಗ್ಯಾಂಗು ಉಳಿದುಕೊಂಡಿದ್ದ ಶೆಡ್ಡಿಗೆ ಹೋಗಿ ಸೀರೆ ಮಡಚತೊಡಗಿದಳು.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಶೇಖರಮ್ಮನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದಿದ್ದವು. ಅಂಥ ಹೊತ್ತಲ್ಲೇ ಅವಳ ಬಾಯಿಗೆ ಚೇಷ್ಟೆ ಬರುತ್ತದೆ. "ಆ ಮನಷ್ಯಾ ಪದದಾಗಿನ ಎಮ್ಮಿನ್ನೂ ಬಿಟ್ಟಿಲ್ಲ ನೋಡವ್ವ. ಮೊದಲ ಎಷ್ಟು ಸಾವಕಾಶ ಕೂಗ್ತಿತ್ತು. ಈಗ ಅದೂ ಗಡಿಬಿಡಿಲೆ ಒದರಾಕತ್ತೈತಿ. ಅದಕ್ಕೂ ಬೈದಾನೇನು?"

ಎಲ್ಲರೂ ನಕ್ಕರು. ಮಲ್ಲೇಶ್ವರಿ ನಗಲಿಲ್ಲ. ಚಾರ್ಜಿಗೆ ಹಾಕಿದ್ದ ಮೊಬೈಲು ಕಿತ್ತು ಆ್ಯಪ್ ತೆರೆದಳು. ಎಪ್ಪತ್ತೆರಡಿದ್ದ ಅಂಕಿ ಎಂಬತ್ತಾರಾಗಿತ್ತು. ಹದಿನಾಲ್ಕು ದಿನಕ್ಕೆ ಹದಿನಾಲ್ಕು, ದಿನಕ್ಕೆ ಒಂದೇ ಒಂದು. ತಕ್ಕಡಿಯ ಕೆಳಗೆ ಹೆಬ್ಬೆರಳು ಇಡುವ ಸಾಹುಕಾರನ ಹಾಗೆ, ಯಾರಿಗೂ ಕಾಣದಷ್ಟು. ದನಿ ಕೀಚಲಾಗಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದ. ದನಿ ಕೆಡದ ಪ್ಲಗಿನ್ ಅಲ್ಲವೇ? ಕಳ್ಳತನವೂ ಕೆಡದೆ ಉಳಿದಿತ್ತು. ಎಲ್ಲರ ಬಾಯಿಯೂ ಅದರ ಹಿಂದೆ ಓಡುತ್ತಿದ್ದರಿಂದ ಹಾಡಿನಲ್ಲಿ ಗೊತ್ತಾಗಲಿಲ್ಲ. ಎಮ್ಮೆಯ ಜೊತೆ ಮಾತ್ರ ಯಾರೂ ಸೊಲ್ಲು ಹಿಡಿದಿರಲಿಲ್ಲ.

ಅವಳು ಅಂದು ಹಿಡಿದ ಮೂಲ ರೆಕಾರ್ಡನ್ನು ಹಚ್ಚಿ ಕೇಳಿದಳು. ಪದ ಮುಗಿದ ಮೇಲಿನ ಆ ಮೂರು ಉಸಿರು ಬಂತು. ಅದು ಖಾಲಿಯಾಗಿರಲಿಲ್ಲ. ಸೀರೆಯ ಸರಸರ ಇತ್ತು, ನಡು ನೆಟ್ಟಗೆ ಮಾಡಿಕೊಂಡವಳ "ಹಾ" ಇತ್ತು. ಎರೆಹೊಲದಲ್ಲಿ ಆ ಪದ ಹಾಡುವವರೆಲ್ಲ ಬೆನ್ನು ನೆಟ್ಟಗೆ ಮಾಡುತ್ತಿದ್ದದ್ದು ಅಲ್ಲೇ. ಅದನ್ನು ಕತ್ತರಿಸಿದ್ದು ದುರಗಪ್ಪನಲ್ಲ.

ಮಲ್ಲೇಶ್ವರಿ ಕನಕಮ್ಮನ ಗಂಟಿನ ಪಕ್ಕ ಹೋಗಿ ಕೂತು ಎರಡನ್ನೂ ಹೇಳಿದಳು. ಅವನು ಮಾಡಿದ್ದನ್ನೂ, ತಾನು ಮಾಡಿದ್ದನ್ನೂ.

ಕನಕಮ್ಮ ಮಡಚಿದ ಸೀರೆಯನ್ನು ಗಂಟಿಗೆ ತುರುಕುತ್ತ ಅಂದಳು, "ನಿನ್ನೆ ನಾ ಆ ಸ್ಪೀಕರಿಗೆ ಬೈದ್ನೆವ್ವ. ಏ ಹಾಟ್ಯಾಕಿ, ಹಿಂಗ್ಯಾಕ ಓಡ್ತಿ, ಮನ್ಯಾಗ ಕೂಸಿನ್ನ ಬಿಟ್ಟು ಬಂದೀಯೇನು ಅಂತ. ನನಗ ನಾನ ಬೈಕೊಂಡಂಗಾತು."

"ನಾಳೆ ನೀ ಟಂಟಂ ಹತ್ತಂಗಿಲ್ಲ ದೊಡ್ಡವ್ವ."

"ಅಂವ ಗ್ಯಾಂಗ್ ಬದಲ್ ಮಾಡಿದ್ರ?"

"ಮಾಡ್ಲಿ. ಅಗಿಮಡ್ಯಾಗಿನ ಸಸಿ ಬಲಿಯಾಕತ್ತಾವ, ತಡ ಮಾಡಿದ್ರ ಹಚ್ಚಾಕ ಬರಂಗಿಲ್ಲ. ಈ ವಾರ ಅವಗ ಯಾವ ಗ್ಯಾಂಗ್ ಸಿಗ್ತೈತಿ ನೋಡೂಣು."

ಬೆಳಿಗ್ಗೆ ಹೊಸ ಗದ್ದೆ. ಹೊಸ ಗದ್ದೆಗೆ ಮೊದಲ ಸಸಿಯನ್ನು ಗ್ಯಾಂಗಿನ ಹಿರಿಯಳೇ ಹಚ್ಚಬೇಕು. ಬದುವಿಗೆ ಅರಿಷಿಣ ಕುಂಕುಮ ಇಟ್ಟು ಅವಳು ಇಳಿಯುವ ತನಕ ಉಳಿದವರು ಕಾಲು ಹಾಕುವುದಿಲ್ಲ. ದುರಗಪ್ಪ ಆ ಕೆಲಸವನ್ನು ಶೇಖರಮ್ಮನಿಗೆ ಹೇಳಿದ.

"ನನಗ ನಲವತ್ತು ಆಗಿಲ್ಲ, ನನ್ನ ಮುದುಕಿ ಮಾಡ್ತೀಯೇನಪಾ? ಲಗ್ನಕ್ಕ ಬಂದ ಮಗಳದಾಳ, ಬೀಗರು ಕೇಳಿದ್ರ ಏನಂದಾರು?" ಎಂದು ಶೇಖರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬದುವಿನ ಮೇಲೆ ಕೂತೇಬಿಟ್ಟಳು. ಅವಳ ಪಕ್ಕ ಇನ್ನೊಬ್ಬಳು. ಹೀಗೆ ಸಾಲು ಬೆಳೆಯಿತು; ಗಂಟನ್ನು ಶೆಡ್ಡಿನಲ್ಲೇ ಬಿಟ್ಟು ಬಂದಿದ್ದ ಕನಕಮ್ಮನೂ ಕೂತಳು.

ಮಲ್ಲೇಶ್ವರಿ ಮೊಬೈಲನ್ನು ಅವನ ಮುಖಕ್ಕೆ ಹಿಡಿದಳು. "ಎಪ್ಪತ್ತೆರಡಕ್ಕ ಇಟ್ಟಿದ್ದೆ. ಎಂಬತ್ತಾರು ಮಾಡಿದವರ್ಯಾರಣ್ಣ?"

ದುರಗಪ್ಪ ಇಲ್ಲವೆನ್ನಲಿಲ್ಲ. ಅವನಿಗೆ ಅದು ತಪ್ಪೆಂದೇ ಅನಿಸಿರಲಿಲ್ಲ. "ಅದಕ್ಯಾಕ ಇಷ್ಟು ರಂಪ? ಟ್ರ್ಯಾಕ್ಟರಿಗೆ ಗೇರ್ ಏರ್ಸಂಗಿಲ್ಲೇನು?"

"ಟ್ರ್ಯಾಕ್ಟರಿಗೆ ಡೀಸೆಲ್ ಹಾಕ್ತಿ. ಈ ಬೆನ್ನಿಗೆ ಏನ್ ಹಾಕಿದಿ?"

ಅವನು ನೀರು ತುಂಬಿದ ಗದ್ದೆ ನೋಡಿದ, ಬದುವಿನುದ್ದ ಕೂತ ಹೆಂಗಸರನ್ನು ನೋಡಿದ, ಕಟ್ಟು ಕಟ್ಟಾಗಿ ಬಿಸಿಲಿಗೆ ಬಾಡುತ್ತಿದ್ದ ಸಸಿಗಳನ್ನು ನೋಡಿದ. ಹತ್ತು ಗಂಟೆಯಾಗಿ, ರಸ್ತೆಯಲ್ಲಿ ಟಂಟಂ ಹಾರ್ನ್ ಹೊಡೆದು ಹೊಡೆದು ಹೋಯಿತು. ಯಾರೂ ಹತ್ತಲಿಲ್ಲ.

"ಇಳಿ ಕನಕವ್ವ," ಎಂದ, ಮುಖ ಆಚೆ ತಿರುಗಿಸಿ.

ಕನಕಮ್ಮ ಇಳಿದಳು. ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಬಲಗೈಯ ಮೂರು ಬೆರಳಲ್ಲಿ ಕೆಸರಿಗೆ ಊರಿದಳು. ಒಂದು, ಮತ್ತೊಂದು, ಇನ್ನೊಂದು. ಆ್ಯಪಿನಲ್ಲಿ ಬೆರಳು ಬಡಿದ ಹಾಗೆ ತಾಳದ ವೇಗ ಹೊಂದಿಸಿಕೊಳ್ಳುವ ಒಂದು ಗುಂಡಿಯಿದೆ. ಅವಳ ಕೈ ಕೆಸರು ಮುಟ್ಟಿದಾಗಲೆಲ್ಲ ಮಲ್ಲೇಶ್ವರಿಯ ಹೆಬ್ಬೆರಳು ಆ ಗುಂಡಿ ಮುಟ್ಟಿತು. ಅಂಕಿ ಏರಿಳಿದು ಅರವತ್ತೆಂಟಕ್ಕೆ ನಿಂತಿತು.

"ಮೊದಲಿಗಿಂತ ನಾಲ್ಕು ಕಮ್ಮಿ ಆತಲ್ಲ!" ಎಂದ ಬಗ್ಗಿ ನೋಡಿದ ದುರಗಪ್ಪ.

"ಕಮ್ಮಿ ಆಗಿಲ್ಲಣ್ಣ. ಮೊದಲ ನಾನ ಹೆಚ್ಚಿಗಿ ಇಟ್ಟಿದ್ದೆ. ಇನ್ನ ಮ್ಯಾಲ ದಿನಾ ಮುಂಜಾನಿ ದೊಡ್ಡವ್ವನ ಕೈ ನೋಡೇ ಅಂಕಿ ಇಡೋದು." ಮೊಬೈಲಿಗೆ ಹೊಸ ಲಾಕ್ ಹಾಕಿ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡಳು.

ಪದ ಶುರುವಾಯಿತು. ಹದಿನಾರು ಬೆನ್ನು ಬಗ್ಗಿದವು. ಬಗ್ಗಿದ ಬೆನ್ನು ಬಿಲ್ಲಲ್ಲ ಎಂಬಲ್ಲಿಗೆ ಬಂದು ಸ್ಪೀಕರ್ ಥಟ್ಟನೆ ಸುಮ್ಮನಾಯಿತು, ಮಲ್ಲೇಶ್ವರಿ ರಾತ್ರಿ ಮತ್ತೆ ಸೇರಿಸಿದ್ದ ಮೂರು ಉಸಿರಿಗೆ. ಹದಿನಾರು ಬೆನ್ನು ಮೇಲೆದ್ದವು. ಕನಕಮ್ಮ ಎರಡೂ ಕೈ ಸೊಂಟಕ್ಕೆ ಊರಿ ಮುಗಿಲು ನೋಡಿ "ಹಾ" ಎಂದಳು.

"ಏ, ಯಾಕ ನಿಂತ್ರಿ? ಬಂದ್ ಬಿತ್ತೇನದು?" ದುರಗಪ್ಪ ಬದುವಿನಿಂದ ಕೂಗಿದ.

"ಬಂದ್ ಬಿದ್ದಿಲ್ಲ," ಎಂದಳು ಮಲ್ಲೇಶ್ವರಿ. "ಇದೂ ಪದಾನ ಐತಿ."