ಪೇಟೆಯ ನಾಲಿಗೆ ತಿದ್ದಿದವಳು

ಥಾಯ್ಲೆಂಡಿನ ಫೆಟ್ಚಬುರಿಯವರಿಗೆ ಸಿಹಿಯ ವಿಷಯದಲ್ಲಿ ಹಿಂದುಮುಂದು ನೋಡುವ ಅಭ್ಯಾಸವಿಲ್ಲ. ಮೀನಿನ ಸಾರಿಗೂ ತಾಟಿಬೆಲ್ಲ ಹಾಕಿ ಉಣ್ಣುವ ಜನ. ಅಂಥ ಊರಿನ ನದಿದಂಡೆಯ ಪೇಟೆಯಲ್ಲಿ ಯಾರ ಚಹಾ ಎಲ್ಲಕ್ಕಿಂತ ಸಿಹಿ ಎಂದು ಕೇಳಿದರೆ, ಬೆರಳುಗಳೆಲ್ಲ ಸಂಗ್ವಾನಳ ಅಂಗಡಿಯತ್ತಲೇ ತಿರುಗುತ್ತಿದ್ದವು.

ಆ ಹೆಸರು ಅವಳಿಗೆ ಪುಕ್ಕಟೆ ಬಂದದ್ದಲ್ಲ. ತಂದೆ ತಾಳೆಮರ ಹತ್ತಿ ರಸ ಇಳಿಸುತ್ತಿದ್ದವನು. ಬೆಲ್ಲದ ಬಾಣಲೆಯ ಹೊಗೆಯಲ್ಲೇ ಅವಳು ಬೆಳೆದಳು. ಮದುವೆಯಾಗಿ ಪೇಟೆಗೆ ಬಂದಳು, ಮಕ್ಕಳಾಗಲಿಲ್ಲ, ಗಂಡ ಬೇಗ ತೀರಿಕೊಂಡ. ಅವನು ಬಿಟ್ಟುಹೋದ ಹಿತ್ತಾಳೆಯ ಹಂಡೆಯ ಮುಂದೆ ಅಂದು ನಿಂತವಳು ಅರವತ್ತು ದಾಟಿದರೂ ಕೂರಲಿಲ್ಲ. ಉದ್ದನೆಯ ಬಟ್ಟೆಚೀಲದಲ್ಲಿ ಸೋಸಿದ ಕೆಂಪು ಚಹಾ, ಕೈಬಿಚ್ಚಿ ಸುರಿದ ಸಕ್ಕರೆ, ಡಬ್ಬಿಯ ಸಿಹಿ ಗಟ್ಟಿ ಹಾಲು, ಪುಡಿ ಐಸ್ ತುಂಬಿದ ಪ್ಲಾಸ್ಟಿಕ್ ಚೀಲ, ಬಾಯಿಗೊಂದು ರಬ್ಬರ್ ಬ್ಯಾಂಡು. ಸಕ್ಕರೆ ಕಮ್ಮಿ ಇರಲಿ ಎಂದ ಬ್ಯಾಂಕಾಕಿನ ಹುಡುಗಿಯನ್ನು "ಯಾಕಮ್ಮ, ಜ್ವರಾನಾ?" ಎಂದು ಕೇಳುವಷ್ಟು ಸೊಕ್ಕೂ ಅವಳಿಗಿತ್ತು. ಸೊಕ್ಕು ಯಾಕಿರಬಾರದು, ದುಡಿದು ಸಂಪಾದಿಸಿದ್ದು.

ಪೇಟೆಯ ಹಿಂದಿನ ವಿಹಾರಕ್ಕೂ ದಿನಾ ಮಧ್ಯಾಹ್ನ ಅವಳ ಅಂಗಡಿಯಿಂದಲೇ ಒಂದು ದೊಡ್ಡ ಕೆಟಲು ಚಹಾ ಹೋಗುತ್ತಿತ್ತು. ಹೊತ್ತು ನೆತ್ತಿಗೇರಿದ ಮೇಲೆ ಭಿಕ್ಕುಗಳು ಉಣ್ಣುವಂತಿಲ್ಲ, ಕುಡಿಯಬಹುದು. ಹಾಲು ಸಲ್ಲದು, ಸಕ್ಕರೆ ಎಷ್ಟಾದರೂ ಸಲ್ಲುತ್ತದೆ. ಪೇಟೆಯವರು ಸರದಿಯ ಮೇಲೆ, ತಮ್ಮ ತಮ್ಮ ಮನೆಯ ಸತ್ತವರ ಹೆಸರಿನಲ್ಲಿ ಆ ಕೆಟಲು ಕೊಡಿಸುವರು. ಭಿಕ್ಕುಗಳು ಕುಡಿದದ್ದು ಸತ್ತವರಿಗೆ ಮುಟ್ಟುತ್ತದೆ. ಹೆತ್ತ ತಾಯಿಗೆ ಸಪ್ಪೆ ಚಹಾ ಕಳಿಸುವ ಮಕ್ಕಳು ಫೆಟ್ಚಬುರಿಯಲ್ಲಿ ಇನ್ನೂ ಹುಟ್ಟಿಲ್ಲ.

ಆ ವರ್ಷ ಬೇಸಿಗೆ ಹತ್ತಿದಾಗ ಸಂಗ್ವಾನಳ ಕಣ್ಣಿಗೆ ಒಂದು ಕಾಲು ಬಿತ್ತು. ಬೆಳಗಿನ ಭಿಕ್ಷೆಗೆ ಅನ್ನ ಹಾಕಿ ಮಂಡಿಯೂರಿ ತಲೆ ಬಗ್ಗಿಸಿದವರಿಗೆ ಕಾಣುವುದು ಭಿಕ್ಕುಗಳ ಬರಿಗಾಲು ತಾನೆ. ವಿಹಾರದ ಹಿರಿಯರು, ಎಲ್ಲರೂ ಲುವಾಂಗ್ ಫೊ, ಅಂದರೆ ಪೂಜ್ಯ ತಂದೆ, ಎಂದು ಕರೆಯುವವರು, ಅವರ ಹೆಬ್ಬೆರಳಿನ ಗಾಯ ವಾರಗಳಾದರೂ ಒಣಗಿರಲಿಲ್ಲ. ಆಮೇಲೆ ಅದಕ್ಕೆ ಬ್ಯಾಂಡೇಜು ಬಂತು. ಆಮೇಲೆ ಅವರು ಭಿಕ್ಷೆಗೆ ಬರುವುದೇ ನಿಂತಿತು. ಅವಳು ಅಂಗಡಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ ವಿಹಾರಕ್ಕೆ ನಡೆದಳು.

"ಸಕ್ಕರೆ ಕಾಯಿಲೆ, ತಾಯಿ," ಎಂದರು ಲುವಾಂಗ್ ಫೊ, ಹೊರಗೆ ಬಿಸಿಲು ಜಾಸ್ತಿ ಎನ್ನುವ ದನಿಯಲ್ಲೇ. "ಮಳೆಗಾಲ ಮುಗಿಯೋದ್ರೊಳಗೆ ಸಕ್ಕರೆ ಇಳೀಲಿಲ್ಲ ಅಂದ್ರೆ ಬೆರಳು ತೆಗೀಬೇಕಂತೆ. ಆಮೇಲೆ ಪಾದ ಹೋದ್ರೂ ಹೋಗಬಹುದಂತೆ."

"ಹಾಗಾದ್ರೆ ಸಿಹಿ ಬೇಡ ಅಂತ ಒಂದು ಮಾತು ಹೇಳಿಬಿಡಿ."

"ಯಾರಿಗೆ ಹೇಳ್ಲಿ? ಒಬ್ಬಳು ತನ್ನ ತಾಯಿ ಹೆಸರಲ್ಲಿ ತರ್ತಾಳೆ. ಒಬ್ಬ ನೀರಲ್ಲಿ ಹೋದ ಮಗನ ಹೆಸರಲ್ಲಿ ತರ್ತಾನೆ. ಇದು ಬೇಡ, ಅದು ಕೊಡು ಅಂತ ಇಷ್ಟು ವರ್ಷ ಯಾರಿಗೂ ಅಂದಿಲ್ಲ. ಈಗ ಒಂದು ಬೆರಳಿಗೋಸ್ಕರ ಅನ್ನಲಾ?"

ಕೊಟ್ಟದ್ದನ್ನು ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಟ್ಟವರ ಮನಸ್ಸು ನೋಯಬಾರದೆಂದು ಲೋಟದ ತಳ ಕಾಣುವವರೆಗೆ ಕುಡಿಯುವವರು ಅವರು. ಆ ಲೋಟ ತುಂಬಿಸುತ್ತಿರುವವಳು ತಾನು. ದಾರಿಯುದ್ದಕ್ಕೂ ಸಂಗ್ವಾನಳ ಎದೆಯಲ್ಲಿ ಇದೇ ಕುಟ್ಟುತ್ತಿತ್ತು.

ಮರುದಿನವೇ ಅವಳು ವಿಹಾರದ ಕೆಟಲಿಗೆ ಅರ್ಧ ಸಕ್ಕರೆ ಹಾಕಿ ಕಳಿಸಿದಳು. ಗ್ರಹಚಾರ ನೋಡಿ, ಅಂದು ಸರದಿ ಚಮ್ನಿಯನ್‌ಳದು. ಮೊಟ್ಟೆ, ತೆಂಗಿನಹಾಲು, ತಾಟಿಬೆಲ್ಲ ಸೇರಿಸಿ ಬೇಯಿಸಿದ ಸಿಹಿ ಮಾರುವ ಈ ಹೆಂಗಸಿನ ದನಿ ನದಿಯ ಆಚೆ ದಡಕ್ಕೂ ಕೇಳುತ್ತದೆ. ಭಿಕ್ಕುಗಳು ಕುಡಿದು ಉಳಿದದ್ದನ್ನು ಬಾಯಿಗಿಟ್ಟವಳೇ ಖಾಲಿ ಕೆಟಲು ಹಿಡಿದು ಅಂಗಡಿಗೆ ಬಂದಳು.

"ಸಂಗ್ವಾನಕ್ಕ, ನಮ್ಮಮ್ಮ ನಿನಗೇನು ಅನ್ಯಾಯ ಮಾಡಿದ್ಲು ಹೇಳು. ಬದುಕಿದ್ದಾಗ ನಿನ್ನ ಚಹಾ ಬಿಟ್ಟು ಬೇರೆ ಮುಟ್ಟಲಿಲ್ಲ. ಸತ್ತ ಮೇಲೆ ಪಾತ್ರೆ ತೊಳೆದ ನೀರು ಕುಡೀಬೇಕಾ ಅವಳು?"

"ಲುವಾಂಗ್ ಫೊ ಕಾಲು ನೋಡಿದ್ಯಾ ನೀನು?"

"ಕಾಲಿಗೆ ಆಸ್ಪತ್ರೆ ಇದೆ. ಅಮ್ಮನಿಗೆ ಯಾರಿದಾರೆ? ನಾನೊಬ್ಬಳೇ ತಾನೆ?"

ಮಾತು ವಿಹಾರದ ಸಮಿತಿಯವರೆಗೆ ಹೋಯಿತು. ಪುಣ್ಯದಲ್ಲೂ ಸಕ್ಕರೆ ಉಳಿಸುವವಳು ಎಂದು ಪೇಟೆ ಆಡಿಕೊಂಡಿತು. ಇನ್ನೊಮ್ಮೆ ಹೀಗಾದರೆ ಕೆಟಲು ಬಸ್ ನಿಲ್ದಾಣದ ಪ್ಲುವಾಂಗನ ಚಹಾದಂಗಡಿಗೆ ಎಂದು ಸಮಿತಿ ಹೇಳಿಕಳಿಸಿತು. ಅವಳ ಹೆಸರಿನ ಮೇಲೆ ಕಣ್ಣಿಟ್ಟ ಪ್ಲುವಾಂಗ್ ಸಕ್ಕರೆಯಲ್ಲಿ ಅವಳಿಗೆ ಸೋಲುವವನಲ್ಲ. ಅವನ ಕೈಗೆ ಕೆಟಲು ಹೋದರೆ ಲುವಾಂಗ್ ಫೊ ಬೆರಳಿನ ಕಥೆ ಮುಗಿದಂತೆಯೇ. ಸಂಗ್ವಾನ್ ಬಾಯಿ ಮುಚ್ಚಿಕೊಂಡು ಸಕ್ಕರೆಯನ್ನು ಮತ್ತೆ ಮೊದಲಿನಷ್ಟೇ ಹಾಕಿದಳು. ತನ್ನ ಕೈಯಾರೆ ಆ ಬೆರಳು ಕತ್ತರಿಸುತ್ತಿದ್ದೇನೆ ಎನಿಸಿ ಅಂದು ಅವಳಿಗೆ ಅನ್ನ ಸೇರಲಿಲ್ಲ.

ದಾರಿ ಹೊಳೆದದ್ದು ಬೆಳಗಿನ ಗಿರಾಕಿಗಳನ್ನು ನೋಡುತ್ತಾ. ಚಮ್ನಿಯನ್ ಎಂದಿನಂತೆ ಬಂದಳು, ಮುಖ ತಿರುಗಿಸಿಕೊಂಡೇ ಚೀಲ ಚಹಾ ಕೊಂಡಳು, ಹೀರುತ್ತಾ ಹೋದಳು. ಬೆಳಿಗ್ಗೆ ಇಲ್ಲಿ ಪಾಕ ಕುಡಿದ ನಾಲಿಗೆಗೆ ಮಧ್ಯಾಹ್ನ ಅಲ್ಲಿ ಸಪ್ಪೆ ಅನ್ನಿಸದೆ ಇನ್ನೇನು? ತಪ್ಪು ವಿಹಾರದ ಕೆಟಲಿನದಲ್ಲ, ಈ ಹಂಡೆಯದು. ಇಳಿಸಬೇಕಾದದ್ದು ಇಡೀ ಪೇಟೆಯ ನಾಲಿಗೆಯನ್ನು. ಒಬ್ಬರಿಗೂ ಗೊತ್ತಾಗದ ಹಾಗೆ.

ಅಂದಿನಿಂದ ಶುರುವಾದ ಕಳ್ಳಾಟವನ್ನು ಏನೆಂದು ವರ್ಣಿಸಲಿ. ಮೊದಲು ಹಂಡೆಯಿಂದ ಒಂದೇ ಒಂದು ಸೌಟು ಸಕ್ಕರೆ ಕಡಿಮೆ. ಅದು ಪೇಟೆಗೆ ರೂಢಿಯಾದ ಮೇಲೆ ಇನ್ನೊಂದು. ಕುದಿಯುವ ಚಹಾವನ್ನು ಐಸಿನ ಮೇಲೆ ಸುರಿದರೆ ಐಸು ಕರಗಿ ಸಿಹಿಯನ್ನು ನುಂಗುತ್ತದೆ. ಅದಕ್ಕೆಂದೇ ಚಹಾವನ್ನು ಮೊದಲು ತಣ್ಣೀರಿನ ತೊಟ್ಟಿಯಲ್ಲಿ ಆರಿಸಿಟ್ಟಳು. ಎಲೆ ಹೆಚ್ಚು ಹಾಕಿದಳು. ಒಂದು ಚಿಟಿಕೆ ಉಪ್ಪು ಬೆರೆಸಿದಳು. ಗಟ್ಟಿ ಹಾಲನ್ನು ಕಲಸದೆ ಸ್ಟ್ರಾದ ತುದಿಗೆ ಸಿಗುವಂತೆ ಬಿಟ್ಟಳು. ಮೊದಲ ಗುಟುಕು ಸಿಹಿಯಾದರೆ ಉಳಿದವನ್ನು ಯಾರೂ ವಿಚಾರಿಸುವುದಿಲ್ಲ. ತನ್ನ ನಾಲಿಗೆಯೂ ಪೇಟೆಯ ಜೊತೆಗೇ ಇಳಿಯುತ್ತಿದ್ದುದರಿಂದ ಅದನ್ನು ನಂಬುವಂತಿರಲಿಲ್ಲ. ಗಿರಾಕಿಯ ಹುಬ್ಬನ್ನೇ ನೋಡುತ್ತಿದ್ದಳು. ಹುಬ್ಬು ಮೇಲೆದ್ದರೆ ಮರುದಿನ ಅರ್ಧ ಸೌಟು ವಾಪಸು.

"ಏನೋ ಬದಲಾಗಿದೆಯಲ್ಲ ದೊಡ್ಡಮ್ಮ," ಎಂದು ಯಾರಾದರೂ ಅಂದರೆ "ಹೊಸ ಎಲೆ ಕಣಪ್ಪ" ಎನ್ನುವಳು. ಸುಳ್ಳಿನ ಪಾಪಕ್ಕೆಂದು ಬುದ್ಧನಿಗೆ ಒಂದು ಹಿಡಿ ಮಲ್ಲಿಗೆ ಹೆಚ್ಚು ಏರಿಸುವಳು. ಆ ಮಳೆಗಾಲ ವಿಹಾರಕ್ಕೆ ಮಲ್ಲಿಗೆಯ ಬರವಿರಲಿಲ್ಲ.

ಬೇಸಿಗೆ ಮುಗಿಯುವ ಮುನ್ನವೇ ಒಂದಷ್ಟು ಗಿರಾಕಿಗಳು ಪ್ಲುವಾಂಗನ ಕಡೆ ಹೋದರು. ಸಂಗ್ವಾನಳ ಕೈಯಿಂದ ರುಚಿ ಹೋಯಿತು, ವಯಸ್ಸಾಯಿತು ಎಂದು ಅವನು ಬಸ್ಸಿನವರ ಮುಂದೆಲ್ಲ ಹೇಳುತ್ತಿದ್ದ. ಅದು ಅವಳ ಕಿವಿಗೂ ಬಿತ್ತು, ಹೊಟ್ಟೆ ಉರಿಯಿತು. ಅತ್ಯಂತ ಸಿಹಿ ಎಂಬ ಹೆಸರನ್ನು ತಾನೇ ಸೌಟು ಸೌಟಾಗಿ ಬಿಟ್ಟುಕೊಡುತ್ತಿದ್ದಾಳೆ, ಯಾಕೆಂದು ಬಾಯಿಬಿಟ್ಟು ಹೇಳುವಂತಿಲ್ಲ. ಆದರೂ ಕೈ ಹಿಂದೆಗೆಯಲಿಲ್ಲ. ಪೇಟೆಯ ಹಂಡೆಯಲ್ಲಿ ಸಕ್ಕರೆ ಇಳಿದಷ್ಟೂ ವಿಹಾರದ ಕೆಟಲಿನಲ್ಲೂ ಇಳಿಯಿತು. ಚಮ್ನಿಯನ್‌ಳ ಸರದಿ ಮತ್ತೆ ಬಂತು. ಉಳಿದದ್ದನ್ನು ಕುಡಿದು, "ಇವತ್ತು ಚೆನ್ನಾಗಿದೆ, ಹೀಗೇ ಇರ್ಲಿ," ಎಂದು ಹೋದಳು. ಆ ಸಂಜೆ ಸಂಗ್ವಾನ್ ಹಂಡೆ ತೊಳೆಯುತ್ತಾ ಒಬ್ಬಳೇ ನಕ್ಕಳು.

ಮಳೆಗಾಲ ಮುಗಿದು ಭಿಕ್ಕುಗಳಿಗೆ ಹೊಸ ಕಾವಿಯುಡುಗೆ ಚೀವರ ಒಪ್ಪಿಸುವ ಹಬ್ಬ ಬಂತು. ಸುತ್ತಲಿನ ಊರಿನವರೆಲ್ಲ ಸೇರುವ ದಿನ, ಒಬ್ಬಳ ಕೆಟಲು ಸಾಲದು. ಹಾಗಾಗಿ ಸಮಿತಿ ಪ್ಲುವಾಂಗನಿಗೂ ಹೇಳಿತ್ತು. ಅವನು ಜಂಬದಿಂದ ಅವಳ ಪಕ್ಕದಲ್ಲೇ ಮೇಜು ಹಾಕಿ, ಪೇಟೆಯವರಿಗೆ ಮೊದಲು ತನ್ನ ಚಹಾವನ್ನೇ ಹಂಚಿದ.

ಚಮ್ನಿಯನ್ ಒಂದು ಗುಟುಕು ಎಳೆದು ನಿಂತಲ್ಲೇ ನಿಂತಳು. ಕಷ್ಟಪಟ್ಟು ನುಂಗಿದಳು. "ಏನಿದು ಪ್ಲುವಾಂಗಣ್ಣ, ಸಿಹಿ ಮಾಡೋಕೆ ಇಟ್ಟಿದ್ದ ಪಾಕ ಗೀಕ ಸುರಿದುಬಿಟ್ಯಾ? ಹಲ್ಲಿಗೆ ಅಂಟ್ತಾ ಇದೆ."

ಅವಳ ಹಿಂದೆ ಇನ್ನೊಬ್ಬರು ಲೋಟ ಕೆಳಗಿಟ್ಟರು, ಮತ್ತೊಬ್ಬರು ನೀರು ಕೇಳಿದರು. ನೋಡುನೋಡುತ್ತಿದ್ದಂತೆ ಪೇಟೆಯವರ ಸಾಲು ಮುರಿದು ಸಂಗ್ವಾನಳ ಮೇಜಿಗೆ ಬಂದು ನಿಂತಿತು. ಪ್ಲುವಾಂಗನಿಗೆ ರೇಗಿತು.

"ಹೋದ ವರ್ಷ ಹೇಗಿತ್ತೋ ಹಾಗೇ ಮಾಡಿದೀನಿ, ಒಂದು ಕಾಳು ಸಕ್ಕರೆ ಹೆಚ್ಚಿಲ್ಲ. ಈ ಜನಕ್ಕೆ ಏನು ಬಂತು?"

"ಜನಕ್ಕೆ ಏನೂ ಬಂದಿಲ್ಲ," ಎಂದಳು ಸಂಗ್ವಾನ್. ಬಚ್ಚಿಟ್ಟು ಬಚ್ಚಿಟ್ಟು ಅವಳಿಗೂ ಸಾಕಾಗಿತ್ತು. "ನಾನು ಸಕ್ಕರೆ ಇಳಿಸಿದೀನಿ. ಅಂಗಡೀಲೂ, ವಿಹಾರದ ಕೆಟಲಲ್ಲೂ. ಈಗ ಹಾಕ್ತಿರೋದು ಮೊದಲಿನ ಅರ್ಧಾನೂ ಇಲ್ಲ."

ಚಮ್ನಿಯನ್‌ಳ ಕೈಯಲ್ಲಿ ಸಂಗ್ವಾನಳ ಚಹಾ ಅರ್ಧ ಖಾಲಿಯಾಗಿತ್ತು.

"ನಮ್ಮಮ್ಮನ ಸರದೀಲೂ?"

"ಹೂಂ. ಚೆನ್ನಾಗಿದೆ, ಹೀಗೇ ಇರ್ಲಿ ಅಂದೆ ನೀನು."

ಚಮ್ನಿಯನ್ ಲೋಟವನ್ನೇ ನೋಡಿದಳು. ಈಗ ನದಿಯಾಚೆಗೆ ಕೇಳುವಂತೆ ಬೈಗುಳ ಬರುತ್ತದೆ ಎಂದು ಎಲ್ಲರೂ ಕಾದರು. ಅವಳು ಉಳಿದ ಅರ್ಧವನ್ನೂ ಕುಡಿದು ಬಾಯಿ ಒರೆಸಿಕೊಂಡಳು.

"ಹಾಗಾದ್ರೆ ಅಮ್ಮನೂ ಒಪ್ಪಿರ್ತಾಳೆ ಬಿಡು. ಅವಳದೂ ನನ್ನದೂ ಒಂದೇ ನಾಲಿಗೆ."

ನಗು ಸಾಲಿನ ಕೊನೆಯವರೆಗೆ ಹೋಯಿತು. ಪ್ಲುವಾಂಗನೊಬ್ಬ ನಗಲಿಲ್ಲ. ಊರಿನವರ ನಾಲಿಗೆ ಕೆಟ್ಟರೆ ಕೆಡಲಿ, ದೊಡ್ಡವರು ಹೇಳಲಿ ಎಂದು ತನ್ನ ಲೋಟ ಹಿಡಿದು ಸಭಾಮಂಟಪಕ್ಕೆ ನುಗ್ಗಿದ. ಸಂಗ್ವಾನಳೂ ಒಂದು ಲೋಟ ಹಿಡಿದು ಹಿಂದೆ ಹೋದಳು. ಹಿಂದೆ ಪೇಟೆಯೆಲ್ಲ ಬಂತು.

ಲುವಾಂಗ್ ಫೊ ಪ್ಲುವಾಂಗನ ಲೋಟವನ್ನು ಕೈಯಲ್ಲೂ, ಹೆಂಗಸರ ಕೈಯಿಂದ ನೇರ ತೆಗೆದುಕೊಳ್ಳುವಂತಿಲ್ಲವಾದ್ದರಿಂದ ಸಂಗ್ವಾನಳದನ್ನು ಎಂದಿನಂತೆ ಹಾಸಿದ ಬಟ್ಟೆಯ ಮೇಲೂ ಸ್ವೀಕರಿಸಿದರು. ಮೊದಲು ಬಂದ ಪ್ಲುವಾಂಗನ ಲೋಟವನ್ನೇ ಮೊದಲು ಎತ್ತಿದರು. ಒಂದು ಗುಟುಕು ಕುಡಿದರು. ಕೆಳಗಿಟ್ಟರು. ಆಮೇಲೆ ಸಂಗ್ವಾನಳದನ್ನು ಎತ್ತಿ ನಿಧಾನವಾಗಿ ತಳದವರೆಗೂ ಕುಡಿದರು. ಯಾರೋ ಕೊಟ್ಟದ್ದನ್ನು ಅವರು ಹಾಗೆ ಉಳಿಸಿದ್ದು ಆ ಮಂಟಪ ಎಂದೂ ಕಂಡಿರಲಿಲ್ಲ.

"ನನ್ನದು ಯಾಕೆ ಬಿಟ್ರಿ?" ಪ್ಲುವಾಂಗನ ದನಿ ಇಳಿದಿತ್ತು.

"ಸಿಹಿ ಜಾಸ್ತಿಯಾಯ್ತಪ್ಪ," ಎಂದರು ಲುವಾಂಗ್ ಫೊ. ಅಂದ ಮೇಲೆ ಅವರಿಗೇ ಆಶ್ಚರ್ಯವಾಗಿರಬೇಕು, ಸಣ್ಣಗೆ ನಕ್ಕರು. "ಮುಂದಿನ ಸಲ ಸ್ವಲ್ಪ ಕಮ್ಮಿ ಹಾಕಪ್ಪ."

ಕೇಳಿದವರೆಲ್ಲ ಕೈಮುಗಿದರು. ಇನ್ನು ಆ ಊರಿನಲ್ಲಿ ಯಾವ ಕೆಟಲಿಗೂ ಯಾರೂ ಹೆಚ್ಚು ಸಕ್ಕರೆ ಹಾಕುವಂತಿರಲಿಲ್ಲ, ಸಂಗ್ವಾನ್ ಯಾರಿಗೂ ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಅವಳು ಮೂರು ಸಲ ನೆಲಕ್ಕೆ ಹಣೆ ಹಚ್ಚಿದಳು. ಮೂರನೆಯ ಸಲ ಏಳುವ ಮುನ್ನ ಚೀವರದ ಅಂಚಿನಿಂದ ಈಚೆಗೆ ಆ ಪಾದ ಕಂಡಿತು. ಬ್ಯಾಂಡೇಜು ಇರಲಿಲ್ಲ. ಗಾಯವಿದ್ದಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಮುಚ್ಚಿಕೊಂಡಿತ್ತು, ಹೆಬ್ಬೆರಳು ತನ್ನ ಜಾಗದಲ್ಲೇ ಇತ್ತು. ಆಸ್ಪತ್ರೆಯ ಮಾತ್ರೆಗೂ ಇದರಲ್ಲಿ ಪಾಲಿದೆ, ಅದನ್ನು ಅವಳು ಇಲ್ಲವೆನ್ನಲಿಲ್ಲ. ಆದರೆ ಗೆದ್ದವಳು ತಾನು ಎಂದು ಅವಳಿಗೆ ಗೊತ್ತಿತ್ತು, ಆ ಸಂತೋಷಕ್ಕೆ ಅಳು ಬಂತು. ಅಳು ಮುಗಿಯುವವರೆಗೂ ಹಣೆಯನ್ನು ನೆಲದಿಂದ ಎತ್ತಲಿಲ್ಲ.