ಬೆಳ್ಳುಳ್ಳಿ ಇಲ್ಲದ ಹಿಂಡಿ

ಅಹಮದಾಬಾದಿನಿಂದ ಸೂರತ್ತಿಗೆ ವರ್ಗವಾದಾಗ ನಾವು ಹೊತ್ತು ತಂದ ಸಾಮಾನಿನಲ್ಲಿ ಎರಡು ಇಟ್ಟಂಗಿಗಳಿದ್ದವು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಡುವಂಥವು. ತಲೆ ಎತ್ತರದಲ್ಲಿದ್ದರೆ ಮಲಗಿದಾಗ ಹೊಟ್ಟೆಯ ಹುಳಿ ಗಂಟಲಿಗೆ ಏರುವುದಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಗೋಣಿತಾಟಿನಲ್ಲಿ ಕಟ್ಟಿದ ಆ ಗಂಟನ್ನು ರೈಲಿನಲ್ಲಿ ಕಾಲಿನಿಂದ ಸರಿಸುತ್ತ ನನ್ನ ಹೆಂಡತಿ ಕೇಳಿದಳು:

"ಸೂರತ್ತಿನ್ಯಾಗ ಇಟ್ಟಂಗಿ ಸುಡೂದಿಲ್ಲೇನ್ರಿ?"

"ಇವು ಬರೋಬ್ಬರಿ ಕೂಡ್ತಾವ," ಎಂದೆ.

"ಹೌದಪಾ, ಎರಡು ಇಟ್ಟಂಗಿ ಮ್ಯಾಲ ಸಂಸಾರ."

ಆಕೆ ನಗುತ್ತ ಹಾಗೆ ಹೇಳಿದಳು ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದೆ. ಸಿಟ್ಟಿನಿಂದ ಎಂದು ಬರೆದರೆ ಮುಂದಿನದೆಲ್ಲ ಅದಕ್ಕೆ ತಕ್ಕಂತೆ ಸಾಲಾಗಿ ನಿಂತುಬಿಡುತ್ತದೆ; ಅದೂ ಬೇಡ. ಹೇಳಿದಳು, ಅಷ್ಟೇ.

ಉರಿ ಯಾವಾಗ ಶುರುವಾಯಿತು, ಏನು ತಿಂದಿದ್ದಿರಿ ಎಂದು ಕೇಳಿದ ಒಬ್ಬೊಬ್ಬ ಡಾಕ್ಟರಿಗೆ ಒಂದೊಂದು ಉತ್ತರ ಕೊಟ್ಟಿದ್ದೇನೆ. ಒಬ್ಬರಿಗೆ ನಮ್ಮ ವಿಮೆ ಕಚೇರಿಯ ಚಹಾ ಎಂದೆ. ಅಹಮದಾಬಾದಿನಲ್ಲಿ ಚಹಾ ಬೇಡ ಎನ್ನುವುದು ಎದುರಿನವನ ಮಾತು ಬೇಡ ಎಂದಂತೆ, ಹಾಗಾಗಿ ಬಸಿಯಲ್ಲಿ ಸುರಿದದ್ದನ್ನೆಲ್ಲ ಕುಡಿಯುತ್ತಿದ್ದೆ. ಇನ್ನೊಬ್ಬರಿಗೆ ರವಿವಾರದ ಭಜಿ ಎಂದೆ. ಮೂರನೆಯವರಿಗೆ, ಚಿಕ್ಕಂದಿನಿಂದ ತಿಂದ ಖಾರ ಎಂದೆ. ಮೂವರೂ ತಲೆಯಾಡಿಸಿ ಅದೇ ಬಿಳಿ ಔಷಧ ಬರೆದುಕೊಟ್ಟರು. ಸುಣ್ಣದ ತಿಳಿಯಂತೆ ಗಂಟಲಿಗೆ ಅಂಟುವ ಔಷಧ. ಎದೆಗೂಡಿನ ನಡುವೆ ಕೆಂಡ, ಬೆಳಿಗ್ಗೆ ಒಡಕು ದನಿ, ಬಗ್ಗಿ ಚಪ್ಪಲಿ ಮೆಟ್ಟಿಕೊಂಡರೆ ಬಾಯಿಗೆ ಬರುವ ಹುಳಿನೀರು. ಇದು ಯಾರನ್ನೂ ಕೊಲ್ಲುವ ರೋಗವಲ್ಲ. ಹೀಗಾಗಿ ಮುಗಿಯುವುದೂ ಇಲ್ಲ.

ಪಥ್ಯ ಬಂತು. ಖಾರ, ಹುಳಿ, ಚಹಾ, ಕರಿದದ್ದು ನಿಂತವು. ಧೋತರವನ್ನು ಬಿಗಿಯಾಗಿ ಉಡುವಂತಿಲ್ಲ. ರಾತ್ರಿಯ ಊಟವನ್ನು ಸಂಜೆಗೇ ಮುಗಿಸಬೇಕು, ಉಂಡ ಮೇಲೆ ಮಲಗದೆ ಅಡ್ಡಾಡಬೇಕು. ನನಗೆ ಮೆತ್ತಗಿನ ಅನ್ನ, ಹೆಸರುಬೇಳೆ, ಹಾಲು, ಬೇಯಿಸಿದ ಸೋರೆಕಾಯಿ. ನಾನು ಉಂಡೆದ್ದ ತಾಟಿನಲ್ಲೇ ಹೆಂಡತಿ ಉಣ್ಣುವುದು ನಮ್ಮ ಮನೆಯ ರೂಢಿ. ಹಾಗಾಗಿ ಆಕೆಗೂ ಅದೇ ಅನ್ನ, ಅದೇ ಸೋರೆಕಾಯಿ. ಒಬ್ಬನ ಸಲುವಾಗಿ ಎರಡು ಅಡಿಗೆ ಮಾಡುವುದಿಲ್ಲ ಎಂದಳು. ಯಾರ ಸಲುವಾಗಿ ಎರಡನೆಯದು ಎಂದು ನಾನು ಕೇಳಲಿಲ್ಲ.

ಆಕೆ ಧಾರವಾಡದ ಕಡೆಯವಳು. ಶೇಂಗಾ, ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟಿ ಮಾಡಿದ ಹಿಂಡಿ ಇಲ್ಲದೆ ರೊಟ್ಟಿ ಮುಟ್ಟುತ್ತಿರಲಿಲ್ಲ. ಅಹಮದಾಬಾದಿನಲ್ಲಿ ಅವಳಿಗೆ ಭಾಷೆ ಬರಲಿಲ್ಲ, ಬಳಗವಿರಲಿಲ್ಲ, ಊರೆಂಬುದು ಆ ಹಿಂಡಿಯ ಭರಣಿಯೊಳಗೆ ಉಳಿದಿತ್ತು. ಭರಣಿಯ ಬಾಯಿ ತೆರೆದರೆ ನನ್ನ ಕೈ ಅದರೊಳಗೆ ಹೋಗುತ್ತಿತ್ತು, ಮರುದಿನವೆಲ್ಲ ಸುಡುತ್ತಿತ್ತು. ಅದು ಮನೆಯಲ್ಲಿ ಇರುವುದೇ ಬೇಡ ಎಂದೆ.

"ಅದನ್ನೂ ತಗದ್ರ ನನಗ ಈ ಊರಾಗ ಏನದ?" ಎಂದಳು. "ನಾ ಧಾರವಾಡಕ್ಕ ಹೋಗಿ ಇರ್ತೇನಿ. ನೀವು, ನಿಮ್ಮ ಇಟ್ಟಂಗಿ, ಇಲ್ಲೇ ಇರ್ರಿ."

ಒಂದೇ ಸಲ ಹೇಳಿದಳು; ಆಮೇಲೆ ಭರಣಿ ನನ್ನ ಕಣ್ಣಿಗೆ ಬೀಳಲಿಲ್ಲ. ಇನ್ನೊಂದು ಸಲ ಹೇಳುವುದನ್ನು ನಾನು ಕಾಯತೊಡಗಿದೆ. ಆಕೆ ಎರಡು ತುತ್ತು ಉಂಡು ತಾಟು ತೊಳೆಯಲು ಇಡುವಾಗ, ಕುಬಸದ ತೋಳು ದಿನದಿನಕ್ಕೆ ಸಡಿಲಾಗುವುದನ್ನು ನೋಡುವಾಗ, ಆ ಮಾತು ಇವತ್ತು ಬರುತ್ತದೆ ಎಂದುಕೊಳ್ಳುತ್ತಿದ್ದೆ.

ಸೂರತ್ತಿನಲ್ಲಿ ನಮ್ಮದು ಮೇಲುಮಹಡಿ. ಕೆಳಗೆ ಮನೆಯೊಡತಿ, ಒಬ್ಬಂಟಿ ಜೈನ ಮುದುಕಿ. ಓಣಿಗೆಲ್ಲ ಮಾಸಿ, ಅಂದರೆ ಚಿಕ್ಕಮ್ಮ. ಪಡಸಾಲೆಯಲ್ಲಿ ಅಲ್ಲಿಯ ಎಲ್ಲ ಮನೆಗಳಂತೆ ಸರಪಳಿಯಿಂದ ತೂಗುಬಿಟ್ಟ ಅಗಲ ಹಲಗೆಯ ಉಯ್ಯಾಲೆ. ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನಾನೂ ಕಚೇರಿಯಿಂದ ಬಂದವನೇ ಬೆಳಕಿರುವಾಗಲೇ ಉಂಡು ಅಡ್ಡಾಡಲು ಇಳಿಯುವುದನ್ನು ಕಂಡು ಮುದುಕಿಗೆ ಹಿಗ್ಗು.

"ಭಾಯಿ, ನೀವೂ ವ್ರತ ಹಿಡಿದಿರೇನು? ಯಾವ ಗುರುಗಳ ಹತ್ತಿರ?"

"ನನ್ನ ಗುರು ಹೊಟ್ಟೆ, ಮಾಸಿ," ಎಂದು ನನ್ನ ಕಚೇರಿಯ ಗುಜರಾತಿಯಲ್ಲಿ ಹೇಳಿದೆ.

"ಹಾಗಾದರೆ ತಪ್ಪಿಸಿಕೊಳ್ಳುವಂತಿಲ್ಲ," ಎಂದು ಕಾಲಿನಿಂದ ನೆಲ ಒದ್ದು ಉಯ್ಯಾಲೆ ತೂಗಿಕೊಂಡಳು.

ತಾಪಿ ನದಿಯ ದಂಡೆಯ ಕಡೆ ನಡೆಯುತ್ತಿದ್ದೆ. ಓಣಿಯುದ್ದಕ್ಕೂ ಮಗ್ಗಗಳ ಖಟಖಟ, ಅದರ ನಡುವೆ ಕಾದ ಎಣ್ಣೆಯ ವಾಸನೆ. ಊರೆಲ್ಲ ತಿನ್ನುವ ಹೊತ್ತಿಗೆ ನಾನು ಜೀರ್ಣಿಸಿಕೊಳ್ಳಲು ಹೊರಟವನು. ಮೈಯಲ್ಲಿ ನೋವಿರಲಿಲ್ಲ, ದಣಿವಿತ್ತು. ಪ್ರತಿ ತುತ್ತನ್ನೂ ವಿಚಾರಣೆ ಮಾಡಿ ಒಳಗೆ ಬಿಡುವ ದಣಿವು. ಒಂದು ಮಾತ್ರ ಸಮಾಧಾನ. ಹೆಂಡತಿಯ ಕುಬಸದ ತೋಳು ಮತ್ತೆ ಬಿಗಿಯಾಗುತ್ತಿತ್ತು. ಸಪ್ಪೆ ಊಟ ಅವಳಿಗೆ ಒಗ್ಗಿತು, ಇನ್ನು ಹೋಗಲಾರಳು ಎಂದುಕೊಂಡೆ. ಹೇಗೆ ಒಗ್ಗಿತು ಎಂದು ಯೋಚಿಸಲಿಲ್ಲ. ಒಗ್ಗಿದರೆ ಸಾಕಾಗಿತ್ತು.

ಒಂದು ಸಂಜೆ ಧೂಳುಗಾಳಿ ಎದ್ದು ನಡುದಾರಿಯಿಂದಲೇ ತಿರುಗಿದೆ. ಕೆಳಗಿನ ಪಡಸಾಲೆಯ ಬಾಗಿಲು ತೆರೆದಿತ್ತು. ಮುದುಕಿಯೂ ನನ್ನ ಹೆಂಡತಿಯೂ ಎದುರುಬದುರು ನೆಲಕ್ಕೆ ಕೂತಿದ್ದರು. ಮುದುಕಿಯ ದಪ್ಪ ಜೋಳದ ರೊಟ್ಟಿ, ನಮ್ಮವಳ ತೆಳು ರೊಟ್ಟಿ, ನಡುವೆ ಎಣ್ಣೆಯಲ್ಲಿ ಕಲಸಿದ ಕೆಂಪು ಹಿಂಡಿ. ಪಕ್ಕದಲ್ಲಿ ನಮ್ಮ ಭರಣಿ. ಹೆಂಡತಿಯ ಮೂಗು ಸೋರುತ್ತಿತ್ತು, ಮುದುಕಿ ಹಾ ಹಾ ಎಂದು ಬಾಯಿಗೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ಆವೋ ಭಾಯಿ," ಎಂದಳು ಮುದುಕಿ. "ನಿಮ್ಮ ಹೆಂಡತಿ ನನ್ನ ಮನೆಗೆ ಬೆಂಕಿ ಹಚ್ಚಿದ್ದಾಳೆ. ನಾವು ಹಸಿರು ತರಕಾರಿ ತಿನ್ನದ ವ್ರತದ ತಿಥಿಗಳು ಬರುತ್ತವಲ್ಲ, ಆವಾಗ ಇದೇ ನನ್ನ ಪಲ್ಯ."

ಭರಣಿ ಎತ್ತಿ ಮೂಸಿದೆ. ಏನೋ ಕಡಿಮೆ ಇತ್ತು.

"ಬೆಳ್ಳುಳ್ಳಿ ಎಲ್ಲಿ?" ಎಂದು ಹೆಂಡತಿಯನ್ನು ಕೇಳಿದೆ.

"ಮಾಸಿ ನೆಲದಾಗಿನ ಗಡ್ಡಿ ತಿನ್ನೂದಿಲ್ಲ. ಬಿಟ್ಟೆ."

"ಶೇಂಗಾನೂ ನೆಲದಾಗ ಬೆಳೀತದಲ್ಲ?"

"ಅದು ಗಡ್ಡಿ ಅಲ್ಲಂತ. ಕೇಳೇನಿ."

ಬೆಳ್ಳುಳ್ಳಿ ಇಲ್ಲದ ಹಿಂಡಿ ಅಂದರೆ ಹೊಟ್ಟು ಎನ್ನುತ್ತಿದ್ದವಳು ಇವಳೇ. ಯಾವ ಡಾಕ್ಟರೂ ಹೇಳದೆ, ಭಾಷೆ ಬಾರದ ಒಬ್ಬ ಮುದುಕಿಗಾಗಿ ಅದನ್ನು ಬಿಟ್ಟಿದ್ದಳು. ಭರಣಿ ಇಟ್ಟು ಮೇಲೆ ಹೋದೆ.

ಸ್ವಲ್ಪ ಹೊತ್ತಿಗೆ ಆಕೆಯೂ ಕೈ ಒರೆಸಿಕೊಳ್ಳುತ್ತ ಬಂದಳು.

"ಮನ್ಯಾಗ ಇಡಬ್ಯಾಡ ಅಂದ್ರಿ. ಕೆಳಗ ಇಟ್ಟೆ," ಎಂದಳು.

"ನನ್ನ ಮುಂದ ಉಣ್ಣಬಹುದಿತ್ತಲ್ಲ."

"ನೀವು ನೋಡೂ ರೀತಿಗೆ ತುತ್ತು ಇಳಿಯೂದಿಲ್ರೀ. ರೊಟ್ಟಿ ನೋಡ್ತೀರಿ, ನನ್ನ ಬಾಯಿ ನೋಡ್ತೀರಿ, ಆಮ್ಯಾಲೆ ಎದಿ ಮ್ಯಾಲ ಕೈ ಇಟ್ಕೋತೀರಿ. ಯಾರು ಉಂಡಾರು?"

ಕೇಳಬಾರದು ಎಂದು ಇಷ್ಟು ದಿನ ಹಿಡಿದಿಟ್ಟದ್ದನ್ನು ಕೇಳಿದೆ. "ಧಾರವಾಡಕ್ಕ ಹೋಗ್ತೀ ಏನು?"

"ಗಂಟು ಕಟ್ಟಿದ್ದೆ," ಎಂದಳು. "ಇಲ್ಲಿಗೆ ಬಂದ ಹೊಸದ್ರಾಗ. ನೀವು ಆಫೀಸಿನ್ಯಾಗ ಇದ್ರಿ. ಭರಣಿ ಹಿಡಕೊಂಡು ಪಾವಟಿಗಿ ಇಳೀಲಿಕ್ಕೆ ಹತ್ತಿದ್ದೆ, ಅದರಾಗ ಏನದ ಅಂತ ಮಾಸಿ ಕೇಳಿದ್ರು. ಹೇಳಲಿಕ್ಕೆ ಬರಲಿಲ್ಲ. ತಿನಿಸಿದೆ."

ಇಷ್ಟೇ ಹೇಳಿ ಮಂಚದ ಹಾಸಿಗೆ ಸರಿಮಾಡತೊಡಗಿದಳು. ಇಳಿಜಾರಿನಲ್ಲಿ ದಿನವೂ ಜಾರಿ ಕಾಲ ಕಡೆ ಗುಡ್ಡೆಯಾಗುವ ಹಾಸಿಗೆ.

ಮರುದಿನ ನಾನು ನದಿಯ ಕಡೆ ಹೋಗಲಿಲ್ಲ. ಕೆಳಗಿನ ಪಡಸಾಲೆಗೆ ಹೋದೆ. "ಬೇಸೋ, ಬೇಸೋ," ಎಂದು ಮುದುಕಿ ಉಯ್ಯಾಲೆ ತೋರಿಸಿದಳು.

"ಕೂಡ್ರಿ, ಆದ್ರ ತೂಗಬ್ಯಾಡ್ರಿ," ಎಂದಳು ಹೆಂಡತಿ. "ಉಂಡದ್ದೆಲ್ಲ ಮ್ಯಾಲ ಬರ್ತದ. ಮತ್ತ ನನ್ನ ನೋಡಬ್ಯಾಡ್ರಿ. ನೋಡೂದಿದ್ರ ಗ್ವಾಡಿ ನೋಡ್ರಿ."

ಎರಡೂ ಪಾದ ನೆಲಕ್ಕೆ ಒತ್ತಿ, ಅಲುಗದ ಉಯ್ಯಾಲೆಯಲ್ಲಿ, ನೆಟ್ಟಗೆ ಕೂತೆ. ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಇಬ್ಬರೂ ತಂತಮ್ಮ ಭಾಷೆಯಲ್ಲಿ ಮಾತಾಡಿಕೊಳ್ಳುತ್ತ ಉಂಡರು.

ಇಷ್ಟನ್ನೂ ಹೆಂಡತಿಗೆ ಓದಿ ಹೇಳಿದೆ. ಆಕೆ ಒಪ್ಪಲಿಲ್ಲ. ಧೂಳುಗಾಳಿ ಎದ್ದದ್ದು ಅಹಮದಾಬಾದಿನಲ್ಲಂತೆ, ಸೂರತ್ತಿನಲ್ಲಿ ಆ ದಿನ ಮಳೆಯಂತೆ. ನಾನು ಮರುದಿನ ಬರಲಿಲ್ಲವಂತೆ, ಬಹಳ ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಬಂದೆನಂತೆ. ಇರಬಹುದು. ಎರಡು ದಿನಗಳನ್ನು ಅಂಟಿಸಿ ಒಂದು ಮಾಡುವ ಚಟ ನನ್ನ ನೆನಪಿಗಿದೆ.

"ಗಂಟು ಕಟ್ಟಿದ್ದು?" ಎಂದು ಕೇಳಿದೆ.

"ಅದು ಖರೇ," ಎಂದಳು.

ಮುಂದೆ ವಡೋದರಕ್ಕೆ ವರ್ಗವಾಯಿತು. ಇಟ್ಟಂಗಿಗಳೂ ಬಂದವು, ಭರಣಿ ಆಕೆಯ ತೊಡೆಯ ಮೇಲೆ ಬಂತು. ಅಲ್ಲಿ ಕೆಳಗೆ ಯಾರೂ ಇರಲಿಲ್ಲ, ನೆಲಕ್ಕೆ ಹತ್ತಿದ ಮನೆ. ಮೊದಲ ಸಂಜೆ ಆಕೆ ಎರಡು ತಾಟು ಹಾಕಿದಳು, ಎದುರುಬದುರು. ನನ್ನದರಲ್ಲಿ ಮೆತ್ತಗಿನ ಅನ್ನ, ತನ್ನದರಲ್ಲಿ ಖಡಕ್ ರೊಟ್ಟಿ, ಹಿಂಡಿ. ಅದರಲ್ಲಿ ಈಗಲೂ ಬೆಳ್ಳುಳ್ಳಿ ಇರಲಿಲ್ಲ.

"ಇಲ್ಲಿ ಮಾಸಿ ಇಲ್ಲಲ್ಲ. ಹಾಕಬಹುದು," ಎಂದೆ.

"ಬ್ಯಾಡ. ಇದ ರೂಢಿ ಆಗೇದ."

ಎದೆಯೊಳಗೆ ಸಣ್ಣಗೆ ಸುಡುತ್ತಿತ್ತು. ಕೈ ಎದೆಗೆ ಹೋಗುವುದರಲ್ಲಿತ್ತು, ತಡೆದು ತೊಡೆಯ ಮೇಲೆ ಇಟ್ಟುಕೊಂಡೆ. ನನ್ನ ಅನ್ನ ಬೇಗ ಮುಗಿಯಿತು. ಎದ್ದು ಅಡ್ಡಾಡಲು ಹೋಗಬೇಕಿತ್ತು, ಹೋಗಲಿಲ್ಲ. ಗೋಡೆ ನೋಡುತ್ತ ಕೂತೆ. ಆಕೆ ರೊಟ್ಟಿ ಮುರಿಯುವ ಸದ್ದು ಕೇಳುತ್ತಿತ್ತು.